ತಾರು ಹರಿದ ಸುದ್ದಿ

ತಾನೇ ಕೆಲಸ ಮಾಡುತ್ತೇನೆಂದು ಮಾತು ಕೊಡುವ ವಸ್ತುಗಳನ್ನು ಕಂಡರೆ ನನಗೆ ಮೊದಲಿನಿಂದಲೂ ವಿಪರೀತ ಭರವಸೆ. ಮನುಷ್ಯರು ತಾವಾಗಿ ಏನಾದರೂ ಮಾಡುತ್ತೇವೆಂದರೆ ನಾನು ನಂಬುವುದಿಲ್ಲ. ತಹಸೀಲು ಕಚೇರಿಯಲ್ಲಿ ಗುಮಾಸ್ತನಾಗಿದ್ದವನಿಗೆ ಆ ವಿಷಯದಲ್ಲಿ ಅನುಭವ ಸಾಕಷ್ಟಿರುತ್ತದೆ, ಅದರಲ್ಲೂ ತನ್ನ ಬಗ್ಗೆ. ಆದರೆ ವಸ್ತುಗಳ ಮಾತು ಬೇರೆ. ತಾನೇ ಮಸಿ ತುಂಬಿಕೊಳ್ಳುವ ಪೆನ್ನು ಎಂದು ಅಂಗಡಿಯವನು ಹೇಳಿದ್ದನ್ನು ನಂಬಿ, ಜೇಬಿನಲ್ಲಿ ತಾನೇ ಖಾಲಿಯಾಗುವ ಪೆನ್ನನ್ನು ತಂದವನು ನಾನು. ತಾನೇ ಹೊತ್ತಿಕೊಳ್ಳುವ ಸ್ಟೋವು ಎಂದು ತಂದದ್ದು ಒಂದು ದಿನ ನಿಜಕ್ಕೂ ತಾನೇ ಹೊತ್ತಿಕೊಂಡು ನನ್ನ ಎಡಗಡೆಯ ಹುಬ್ಬನ್ನು ತೆಗೆದುಕೊಂಡು ಹೋಯಿತು. ಇಷ್ಟಾದರೂ ನನ್ನ ಹೆಂಡತಿಯ ತಮ್ಮ ಬಸವರಾಜ ಹಟ್ಟಿಯಿಂದ ಒಂದು ಪೆಟ್ಟಿಗೆಯನ್ನು ಬಗಲಲ್ಲಿ ಅವುಚಿಕೊಂಡು ಲಿಂಗಸೂಗೂರಿನ ನಮ್ಮ ಮನೆಗೆ ಬಂದು, "ಮಾಮಾ, ಇದು ತಾನ ಬಾರಸ್ತೈತಿ" ಎಂದಾಗ, ಎರಡನೆಯ ಮಾತು ಕೇಳದೆ ಇಳಿಸಿಕೊಂಡೆ.

ಬಸವರಾಜ ಚಿನ್ನದ ಗಣಿಯಲ್ಲಿ ಸಾಮಾನು ಕೋಣೆಯ ಕೆಲಸದಲ್ಲಿದ್ದ. ಅಲ್ಲಿಯ ಬಂಗಲೆಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟು ನಿಂತಾಗ, ದೊರೆಸಾನಿ ಒಯ್ಯಲಾಗದ್ದನ್ನೆಲ್ಲ ಹಂಚಿದಳಂತೆ. ಒಬ್ಬನಿಗೆ ಮಂಚ ಸಿಕ್ಕಿತು, ಇನ್ನೊಬ್ಬನಿಗೆ ಗಿಳಿಯಿಲ್ಲದ ಪಂಜರ, ಇವನಿಗೆ ಈ ಪೆಟ್ಟಿಗೆ. ಮೊರದಷ್ಟು ಅಗಲ, ಒಂದು ಮೂಲೆ ಕೊಯ್ದು ಹಾಕಿದಂಥ ಆಕಾರ. ಮೈಮೇಲೆ ಮೂವತ್ತಕ್ಕೂ ಮಿಕ್ಕಿದ ತಂತಿಗಳು, ಅವಕ್ಕೆ ಅಡ್ಡಲಾಗಿ ಗುಂಡಿಗಳಿರುವ ಕಟ್ಟಿಗೆಯ ಪಟ್ಟಿಗಳು. ಗುಂಡಿಯೊಂದನ್ನು ಒತ್ತಿ ಬೆರಳೆಳೆದರೆ, ಬೇಡವಾದ ತಂತಿಗಳ ಬಾಯನ್ನು ಪಟ್ಟಿ ಮುಚ್ಚುತ್ತದೆ. ಬೇಕಾದವು ಮಾತ್ರ ಕೂಡಿ ನುಡಿಯುತ್ತವೆ. ಹೆಸರು ಆಟೋಹಾರ್ಪ್. "ಆಟೋ ಅಂದ್ರ ತಾನ ಅಂತ. ದೊರೆಸಾನಿ ಖುದ್ದ ಹೇಳ್ಯಾಳ" ಎಂದ ಬಸವರಾಜ. ಗುಂಡಿಗಳ ಮೇಲೆ ಇಂಗ್ಲಿಷ್ ಅಕ್ಷರಗಳಿದ್ದವು. ಕೆಲವಕ್ಕೆ ಮೇಜರ್, ಕೆಲವಕ್ಕೆ ಮೈನರ್ ಎಂದು ಬರೆದಿತ್ತು. ಅದನ್ನೂ ಅವನೇ ಬಿಡಿಸಿ ಹೇಳಿದ. "ಮೈನರ್ ಅಂದ್ರ ಗಣಿಯಾಗ ಇಳಿಯೋ ಮಂದಿ, ಮೇಜರ್ ಅಂದ್ರ ಮಿಲಿಟರಿ ಮಂದಿ. ಯಾರು ಕೇಳಾಕ ಕುಂತಾರ ನೋಡಿ ಗುಂಡಿ ಒತ್ತಬೇಕು." ಕಚೇರಿಯ ಕಾಗದಗಳಲ್ಲಿ ಮೈನರ್ ಎಂದರೆ ವಯಸ್ಸಿಗೆ ಬಾರದ ಹುಡುಗ ಎಂದು ನನಗೆ ಗೊತ್ತಿತ್ತು. ಆದರೂ ಗಣಿಯಲ್ಲೇ ಇರುವವನ ಮುಂದೆ ವಾದ ಮಾಡಲಿಲ್ಲ.

ನನ್ನ ಹೆಂಡತಿ ಗೌರಮ್ಮ ಈ ಅರ್ಥಗಳ ಗೊಡವೆಗೆ ಹೋಗದೆ ಅದಕ್ಕೆ ತಾರಿನ ಪೆಟ್ಟಿಗಿ ಎಂದು ಹೆಸರಿಟ್ಟಳು. ನಮ್ಮ ಕಡೆ ತಂತಿಗೆ ತಾರು ಎನ್ನುತ್ತಾರೆ. ಅಂಚೆಯವನು ಸೈಕಲ್ಲಿನಲ್ಲಿ ತರುವ ಟೆಲಿಗ್ರಾಮೂ ತಾರೇ. ಅದು ಬಂದ ಮನೆಯಲ್ಲಿ ಒಡೆದು ಓದುವುದಕ್ಕೆ ಮೊದಲೇ ಅಳು ಶುರುವಾಗುತ್ತದೆ. ಒಂದೇ ಶಬ್ದಕ್ಕೆ ಇಂಥ ಎರಡು ಸಂಸಾರ ಇರಬಾರದು. ಅದು ಆಗ ನನಗೆ ಹೊಳೆಯಲಿಲ್ಲ.

ಪೆಟ್ಟಿಗೆಯ ಮೇಲೆ ನಾನು ಹೀಗೆ ಬೀಳಲು ಸೋಮಾರಿತನವೊಂದೇ ಕಾರಣವಲ್ಲ. ಗೌರಮ್ಮ ಮಸ್ಕಿಯ ಹುಡುಗಿ. ಅವಳ ತಂದೆ ಸಿದ್ದಪ್ಪನವರು ಸಂಜೆ ಕಿರಾಣಿ ಅಂಗಡಿಯ ಬಾಗಿಲು ಹಾಕಿ, ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು ಏಕತಾರಿ ಹಿಡಿದು ಕೂತರೆ, ಮಗಳು ಶಿವನ ಹಾಡು ಹಾಡುತ್ತಿದ್ದಳು. ನಾನು ಹೆಣ್ಣು ನೋಡಲು ಹೋದಾಗ ಹಾಡು ಕೇಳಿಯೇ ಒಪ್ಪಿದ್ದು. ಮುಖವನ್ನು ಸರಿಯಾಗಿ ನೋಡಿದ್ದು ಮದುವೆಯ ದಿನ. ಆದರೆ ನಮ್ಮ ಮನೆಗೆ ಬಂದ ಮೇಲೆ ಅವಳು ಹಾಡಲಿಲ್ಲ. ಕೇಳಿದರೆ, "ಶ್ರುತಿ ಇಲ್ದ ಹೆಂಗ ಹಾಡ್ಲಿ? ಬರಿಗಾಳಿಗೆ ಹಾಡಿದಂಗ ಆಕೈತಿ" ಎನ್ನುತ್ತಿದ್ದಳು. ಮಾವನವರು ಸಿಕ್ಕಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ: "ನಮ್ಮ ಗೌರಿ ಹಾಡ್ತಾಳೇನ್ರಿ?" ನಾನು ಪ್ರತಿಸಲವೂ "ದಿನಾ ಹಾಡ್ತಾಳ್ರಿ" ಎನ್ನುತ್ತಿದ್ದೆ. ಕೊನೆಗೆ ಅವರು, "ಹಂಗಾದ್ರ ಶ್ರಾವಣದಾಗ ಬಂದು ಒಂದ್ಸಲ ಕೇಳಿ ಹೋಗ್ತೀನಿ" ಎಂದುಬಿಟ್ಟರು. ಶ್ರಾವಣದೊಳಗೆ ಈ ಪೆಟ್ಟಿಗೆಯನ್ನು ಶ್ರುತಿಗೆ ತರದಿದ್ದರೆ ನನ್ನ ಸುಳ್ಳು ಮಾವನೆದುರು ಬಯಲಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳ ಹಾಡು ನಮ್ಮ ಮನೆಯಲ್ಲಿ ಸತ್ತಿತೆಂದು ಅವರು ನೊಂದುಕೊಳ್ಳುತ್ತಿದ್ದರು, ಮತ್ತು ಅದು ಸುಳ್ಳಾಗಿರುತ್ತಿರಲಿಲ್ಲ. ಗೌರಮ್ಮ ಮಾತ್ರ ನಿಶ್ಚಿಂತೆಯಿಂದಿದ್ದಳು. "ಅದು ಶ್ರುತಿಗೆ ಬರ್ಲಿ, ಅವತ್ತ ಹಾಡ್ತೀನಿ" ಎಂದು ನನಗೆ ವಾಯಿದೆ ಕೊಟ್ಟಳು.

ಆಟೋ ಎಂಬುದು ನುಡಿಸುವುದಕ್ಕೆ ಮಾತ್ರ, ಶ್ರುತಿ ಮಾಡುವುದಕ್ಕಲ್ಲ ಎಂಬುದು ಮೊದಲ ದಿನವೇ ತಿಳಿಯಿತು. ಒಂದೊಂದು ತಂತಿಗೂ ಒಂದೊಂದು ಚೌಕ ಮೊಳೆ. ಅದನ್ನು ತಿರುಗಿಸುವ ಚಾವಿಯನ್ನು ದೊರೆಸಾನಿ ಮರೆತು ತನ್ನ ದೇಶಕ್ಕೇ ಒಯ್ದಿದ್ದಳು. ನಮ್ಮ ಗೋಡೆ ಗಡಿಯಾರದ ಚಾವಿ ಆ ಮೊಳೆಗೆ ಅಚ್ಚುಕಟ್ಟಾಗಿ ಕೂತಿತು. ಇದು ದೈವಸಂಕಲ್ಪವೇ ಎಂದು ನಾನು ಹಿಗ್ಗಿದೆ. ಚಾವಿ ಸದಾ ಪೆಟ್ಟಿಗೆಯ ಹತ್ತಿರವೇ ಉಳಿದದ್ದರಿಂದ ಗಡಿಯಾರ ನಿಂತಿತು. ಗಡಿಯಾರ ನಿಂತದ್ದರಿಂದ ನಾನು ಕಚೇರಿಗೆ ತಡವಾದೆ. "ಯಾಕ್ರಿ, ಮನಿ ಗಡಿಯಾರಕ್ಕ ಚಾವಿ ಕೊಟ್ಟಿಲ್ಲೇನು?" ಎಂದು ನನ್ನ ಮೇಲಧಿಕಾರಿ ಪೇಶಕಾರ ಸಾಹೇಬರು ಕೇಳಿದರು. "ಕೊಟ್ಟೀನ್ರಿ, ಬ್ಯಾರೇದಕ್ಕ" ಎಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಒಂದಿಷ್ಟು ಹೆಚ್ಚಿಗೆ ನಕಲು ಕೆಲಸ ಕೊಟ್ಟರು.

ಶ್ರುತಿ ಮಾಡಬೇಕಾದರೆ ಮೊದಲು ಒಂದು ಸ್ವರವನ್ನು ಎಲ್ಲಿಂದಾದರೂ ಕಡ ತರಬೇಕು. ನಾನು ಓಣಿಯ ಹಿಟ್ಟಿನ ಗಿರಣಿಯನ್ನು ಹಿಡಿದೆ. ಅದು ಬೆಳಿಗ್ಗೆಯಿಂದ ಒಂದೇ ರಾಗದಲ್ಲಿ ಗುಂಯ್‌ಗುಡುತ್ತಿತ್ತು, ಬೇಸರವಿಲ್ಲ, ಬಿಡುವಿಲ್ಲ. ಆದರೆ ಗಿರಣಿಗೆ ಜೋಳ ಸುರಿದರೆ ಅದರ ದನಿ ಇಳಿಯುತ್ತಿತ್ತು, ಬರಿದಾದರೆ ಏರುತ್ತಿತ್ತು. ಒಂದು ರಜೆಯ ದಿನ ನಾನು ಮೊದಲ ಹತ್ತು ತಂತಿಗಳನ್ನು ಜೋಳದ ಮೇಲೂ ಉಳಿದವನ್ನು ಖಾಲಿ ಗಿರಣಿಯ ಮೇಲೂ ಕೂಡಿಸಿದ್ದೆನೆಂದು ಕಾಣುತ್ತದೆ. ಗುಂಡಿ ಒತ್ತಿ ಬೆರಳೆಳೆದಾಗ ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತಿತು. ಅಂದಿನಿಂದ ನೆರೆಹೊರೆಯವರ ಕೋರಿಕೆಯಂತೆ ಕದಕ್ಕೆ ಅಗಳಿ ಹಾಕಿಕೊಂಡೇ ಕೂಡತೊಡಗಿದೆ.

ಗೌರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಡುತ್ತಿದ್ದಳು. "ಇಳೀತು." ನಾನು ಚಾವಿ ತಿರುವುತ್ತಿದ್ದೆ. "ಏರಿತು." ಮತ್ತೆ ತಿರುವುತ್ತಿದ್ದೆ. "ಈಗ ಅತ್ತಾಗೂ ಇಲ್ಲ, ಇತ್ತಾಗೂ ಇಲ್ಲ." ನನ್ನ ಕಿವಿಗೆ ಮೂರೂ ಒಂದೇ. ಒಂದನ್ನು ಬಿಗಿ ಮಾಡಿದರೆ ಉಳಿದವು ಮುನಿಸಿಕೊಂಡು ಸಡಿಲಾಗುತ್ತಿದ್ದವು. ಅವನ್ನು ರಮಿಸಿ ಬರುವಷ್ಟರಲ್ಲಿ ಮೊದಲನೆಯದು ಕೈಬಿಟ್ಟಿರುತ್ತಿತ್ತು. ಒಂದು ಸಂಜೆ ಸಿಟ್ಟಿನಿಂದ ಎಲ್ಲಕ್ಕಿಂತ ದಪ್ಪನೆಯ ತಂತಿಗೆ ಎರಡು ಸುತ್ತು ಜಾಸ್ತಿಯೇ ಕೊಟ್ಟೆ. ಅದು ಫಟ್ಟೆಂದು ಹರಿದು ನನ್ನ ಕಿವಿಯ ಪಕ್ಕ ಹಾದುಹೋಯಿತು. ಆ ಹೊಡೆತಕ್ಕೆ ಉಳಿದ ತಂತಿಗಳೂ ಶ್ರುತಿ ತಪ್ಪಿದವು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಗೌರಮ್ಮ ದೀಪ ಹಚ್ಚಲು ಬಂದವಳು ಅಲ್ಲೇ ಬಗ್ಗಿ, ಒಂದು ತಂತಿಯನ್ನು ಮೀಟಿ, ಗಂಟಲಲ್ಲೇ ಸಣ್ಣಗೆ ಗುನುಗಿ, ಚಾವಿಯನ್ನು ಅರ್ಧ ಸುತ್ತು ತಿರುವಿದಳು. "ಇದೊಂದ ಸರಿ ಆಗೈತಿ. ಇದನ್ನ ಮುಟ್ಟಬ್ಯಾಡ್ರಿ" ಎಂದು ದೀಪ ಹಚ್ಚಿ ಒಳಗೆ ಹೋದಳು.

ಹರಿದ ತಂತಿಗೆ ಬದಲಿ ಸಿಕ್ಕರೆ ಹಟ್ಟಿಯಲ್ಲೇ ಸಿಗಬೇಕು. ಮರುದಿನ ಕಚೇರಿಗೆ ಹೋಗುವಾಗ ಹಟ್ಟಿಯ ಬಸ್ಸು ಹೊರಟು ನಿಂತಿತ್ತು. ಕಂಡಕ್ಟರ್ ಇಮಾಮಸಾಬನಿಗೆ ನಮ್ಮ ಬಸವರಾಜನ ಗುರುತಿತ್ತು. ಎಂಜಿನ್ನಿನ ಸದ್ದಿನಲ್ಲಿ ನಾನು ಕೂಗಿ ಹೇಳಿದ್ದು ಇಷ್ಟು: "ನಮ್ಮ ಬಸವರಾಜಗ ಹೇಳಪಾ, ಅಕ್ಕನ ಮನ್ಯಾಗ ತಾರು ಹರದೈತಿ, ದೊಡ್ಡದು ಹೋತು, ಲಗೂನ ಬಂದು ಹೋಗು ಅಂತ." ಅವನು ಕೈ ಎತ್ತಿದ. ಬಸ್ಸು ಧೂಳೆಬ್ಬಿಸಿ ಹೋಯಿತು. ಹಟ್ಟಿ ಮುಟ್ಟುವಷ್ಟರಲ್ಲಿ ಎಷ್ಟು ಮಂದಿ ಹತ್ತಿ ಇಳಿದರೋ, ನನ್ನ ಮಾತು ಅವರ ನಡುವೆ ಎಷ್ಟು ತಿಕ್ಕಾಡಿತೋ, ಬಸವರಾಜನ ಕೈಗೆ ಸಿಕ್ಕಾಗ ಹೀಗಾಗಿತ್ತು: "ಅಕ್ಕನ ಮನಿಯಿಂದ ತಾರು ಬಂದೈತಿ. ದೊಡ್ಡವ್ರು ಹೋದ್ರಂತ. ಲಗೂನ ಬರಬೇಕಂತ." ನಮ್ಮ ಮನೆಯಲ್ಲಿ ಇದ್ದದ್ದೇ ಇಬ್ಬರು, ದೊಡ್ಡವನು ನಾನು. ಬಸವರಾಜ ಅಳುತ್ತ ಹೋಗಿ ಮಸ್ಕಿಗೆ ನಿಜವಾದ ತಾರನ್ನೇ ಹೊಡೆಸಿದ.

ಮಾರನೆಯ ದಿನ ರಜೆ. ಬೆಳಿಗ್ಗೆ ಗೌರಮ್ಮ ನೀರಿಗೆ ಹೋಗಿದ್ದಳು. ನಾನು ಅಗಳಿ ಹಾಕಿಕೊಂಡು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಇನ್ನು ಯಾವ ಮೊಳೆಗೆ ಕೈಹಚ್ಚಲಿ ಎಂದು ನೋಡುತ್ತಿದ್ದೆ. ಓಣಿಯ ತುದಿಯಿಂದ ಒಂದು ಹೆಣ್ಣುದನಿ ಹಾಡಿ ಅಳುತ್ತ ಬಂತು. ನಮ್ಮಲ್ಲಿ ಹೆಂಗಸರು ಸತ್ತವರ ಗುಣಗಳನ್ನು ಒಂದೊಂದಾಗಿ ಎತ್ತಿ ಹಾಡಿಕೊಂಡು ಅಳುತ್ತಾರೆ. ಪಾಪ, ಯಾರ ಮನೆಯಲ್ಲಿ ಏನಾಯಿತೋ ಎಂದುಕೊಳ್ಳುವಷ್ಟರಲ್ಲಿ ಅಳು ನಮ್ಮ ಹೊಸ್ತಿಲ ಮೇಲೆಯೇ ಬಂದು ಕೂತಿತು. ದನಿಯನ್ನು ಗುರುತಿಸಿದೆ. ನನ್ನ ಅತ್ತೆ.

"ಬಂಗಾರದಂಥ ಅಳಿಯ ನನ್ನಪ್ಪಾ... ಉಪ್ಪಿಲ್ಲದ್ದನ್ನೂ ಉಂಡು ಎದ್ದೆಲ್ಲೋ... ಎದುರು ಮಾತಾಡಲಿಲ್ಲಲ್ಲೋ... ನನ್ನ ಮಗಳನ್ನ ಹೂವಿನಂಗ ನೋಡಿಕೊಂಡೆಲ್ಲೋ..."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಕದ ತೆಗೆಯಬೇಕಾಗಿತ್ತು. ಆದರೆ ಓದುಗರೇ, ಮದುವೆಯಾದಂದಿನಿಂದ ಆ ಅತ್ತೆ ನನ್ನ ಬಗ್ಗೆ ಆಡಿದ್ದ ಮಾತೆಂದರೆ "ಕಟಿಗಿಯಂಥ ಮನಶ್ಯಾ" ಎಂಬುದೊಂದೇ. ಅವರು ಈಗ ನನ್ನನ್ನು ಬಂಗಾರ ಮಾಡಿದ್ದರು. ಇನ್ನೊಂದು ಚರಣ ಕೇಳಿ ತೆಗೆದರಾಯಿತು ಎಂದು ಕೂತೆ. ಅವರು ಕದಕ್ಕೆ ಹಣೆ ಹಚ್ಚಿ ದನಿ ಎತ್ತಿದರು. ಆಗ ನನ್ನ ತೊಡೆಯ ಮೇಲೆ ಪೆಟ್ಟಿಗೆ ಸಣ್ಣಗೆ ನಡುಗಿತು. ನಾನು ಮುಟ್ಟಿರಲಿಲ್ಲ. ಗೌರಮ್ಮ ಕೂಡಿಸಿದ್ದ ಆ ಒಂದು ತಂತಿ ಮಾತ್ರ ಅತ್ತೆಯ ದನಿಗೆ ದನಿ ಕೊಟ್ಟು ತನ್ನಷ್ಟಕ್ಕೆ ಗುಂಯ್ ಎನ್ನುತ್ತಿತ್ತು. ತಾನೇ ನುಡಿಯುವ ವಾದ್ಯ ಕೊನೆಗೂ ತಾನೇ ನುಡಿದಿತ್ತು, ಅದೂ ನನ್ನ ಸಾವಿಗೆ.

ಖುಷಿಯೋ ಗಾಬರಿಯೋ ತಿಳಿಯದೆ ನಾನು ಮೇಜರ್ ಗುಂಡಿಯೊಂದನ್ನು ಒತ್ತಿ ಎಲ್ಲ ತಂತಿಗಳ ಮೇಲೆ ಬೆರಳೆಳೆದುಬಿಟ್ಟೆ. ಹೊರಗೆ ಅಳು ಗಕ್ಕನೆ ನಿಂತಿತು. ಪಕ್ಕದ ಮನೆಯ ಎಮ್ಮೆ ಒದರಿತು. ಆಮೇಲೆ ಅವರೊಂದಿಗೆ ಬಂದಿದ್ದ ಬಸವರಾಜನ ದನಿ ಕೇಳಿತು. "ಅವ್ವಾ, ಅಳಬ್ಯಾಡ. ಮಾಮಾ ಜೀವಂತ ಅದಾನ. ಹಿಂಗ ಮತ್ಯಾರೂ ಬಾರ್ಸಂಗಿಲ್ಲ."

ಕದ ತೆಗೆದೆ. ಮಾವನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಭುಜ ಹಿಡಿದು ಅಲ್ಲಾಡಿಸಿ, ಕಣ್ಣೊರೆಸಿಕೊಂಡರು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ, ಇಷ್ಟು ಅತ್ತದ್ದು ವ್ಯರ್ಥವಾಯಿತಲ್ಲ ಎಂಬಂತೆ ನನ್ನತ್ತ ನೋಡಿದರು. ಅಷ್ಟರಲ್ಲಿ ಗೌರಮ್ಮ ಕೊಡ ಹೊತ್ತು ಬಂದಳು. ಇಮಾಮಸಾಬನ ಸುದ್ದಿ, ಹಟ್ಟಿಯ ತಾರು ಎಲ್ಲವನ್ನೂ ಕೇಳಿ, ಕೊಡ ಇಳಿಸಿ, ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ದೊಡ್ಡದು ಹೋತು ಅಂದಿದ್ದು ದಪ್ಪನ್ನ ತಾರಿಗೆ, ಬಸ್ಯಾ" ಎಂದು ತಮ್ಮನಿಗೆ ಹೇಳಲು ಅವಳಿಗೆ ಎರಡು ಸಲ ಉಸಿರು ತೆಗೆದುಕೊಳ್ಳಬೇಕಾಯಿತು.

ಅತ್ತೆ ಮಾತ್ರ ನಗಲಿಲ್ಲ. "ಬದುಕಿದ ಮನಿ ಹೊಸ್ತಿಲ ಮ್ಯಾಲ ಕುಂತು ಅತ್ತೀನಿ. ಅತ್ತ ಹಾಡು ಅಲ್ಲೇ ಬಿಟ್ರ ಚಲೋ ಅಲ್ಲ. ಗೌರಿ, ಒಂದು ಮಂಗಳದ್ದು ಹಾಡವಾ" ಎಂದರು. ಮಾವನವರು ಗೋಡೆಗೊರಗಿ ಕೂತು, "ದಿನಾ ಹಾಡ್ತೀಯಂತಲ್ಲ. ಹಾಡು, ಗೌರೀ" ಎಂದರು. ಗೌರಮ್ಮ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಕೈ ಒರೆಸಿಕೊಂಡು ಬಂದು ಪೆಟ್ಟಿಗೆಯನ್ನು ನನ್ನ ಮುಂದೆ ಸರಿಸಿ, "ಆ ಒಂದನ್ನ ಮೀಟ್ರಿ. ಬ್ಯಾರೇದಕ್ಕ ಕೈ ಹಚ್ಚಬ್ಯಾಡ್ರಿ" ಎಂದಳು.

ಮೀಟಿದೆ. ಅವಳು ಹಾಡಿದಳು. ಹೆಣ್ಣು ನೋಡಲು ಹೋದ ದಿನ ಕೇಳಿದ್ದ ಅದೇ ದನಿ, ಒಂದಿಷ್ಟೂ ಮಾಸಿರಲಿಲ್ಲ. ಬೆರಳು ಪಕ್ಕದ ತಂತಿಗೆ ತಾಗೀತೆಂಬ ಹೆದರಿಕೆಯಲ್ಲಿ ನನಗೆ ಅಳಲೂ ಧೈರ್ಯವಾಗಲಿಲ್ಲ. ಮಾವನವರು ಕಣ್ಣು ಮುಚ್ಚಿ ಕೇಳಿದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅಳಿಯಂದಿರ, ಚಲೋ ಬಾರ್ಸಿದ್ರಿ. ಇಷ್ಟ ಸಾಕು. ಮುಂದ ಕಲಿಯಾಕ ಹೋಗಬ್ಯಾಡ್ರಿ" ಎಂದರು.

ನಾನು ಅವರ ಮಾತು ಮೀರಿಲ್ಲ. ಬಸವರಾಜ ಆಮೇಲೆ ಕಳಿಸಿದ ತಂತಿಯ ಸುರುಳಿ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು; ಗೌರಮ್ಮ ಅದರ ಮೇಲೆ ಒದ್ದೆ ಅರಿವೆ ಒಣಹಾಕುತ್ತಿದ್ದಳು. ಗಡಿಯಾರಕ್ಕೆ ಅದರ ಚಾವಿ ವಾಪಸು ಸಿಕ್ಕಿತು. ಸಂಜೆ ಅವಳು ಹಾಡುವಾಗ ನಾನು ಮೂವತ್ತಕ್ಕೂ ಮಿಕ್ಕಿದ ತಂತಿಗಳ ವಾದ್ಯವನ್ನು ಮುಂದಿಟ್ಟುಕೊಂಡು ಒಂದನ್ನೇ ಮೀಟುತ್ತಿದ್ದೆ. ಅತ್ತೆ ಮಸ್ಕಿಗೆ ಹೋದ ಮೇಲೆ ನಾನು ಮತ್ತೆ ಕಟ್ಟಿಗೆಯಾದೆ. ಅಂದು ಅರ್ಧಕ್ಕೆ ನಿಂತ ಆ ಹಾಡಿನಲ್ಲಿ ನನ್ನ ಗುಣಗಳು ಇನ್ನೂ ಎಷ್ಟಿದ್ದವೋ ಎಂಬ ಕುತೂಹಲ ನನಗೆ ಇಂದಿಗೂ ಹೋಗಿಲ್ಲ. ಒಮ್ಮೆ ಧೈರ್ಯ ಮಾಡಿ ಅವರನ್ನೇ ಕೇಳಿದೆ. "ಅದಕ್ಕೊಂದು ಯಾಳೆ ಐತಿ, ಆವಾಗ ಹಾಡ್ತೀನಿ" ಎಂದರು. ಹಾಡುತ್ತಾರೆ, ಅನುಮಾನವಿಲ್ಲ. ಆದರೆ ಆಗ ಕೇಳಿಸಿಕೊಳ್ಳುವುದು ನಾನಲ್ಲ, ಆ ಒಂದು ತಂತಿ. ಅದಕ್ಕೆ ಯಾರೂ ಕೈಹಚ್ಚಬೇಕಾಗಿಲ್ಲ, ತಾನೇ ನುಡಿಯುತ್ತದೆ.