ಬ್ಯಾಡಗಿ ಸಾವಕಾರರ ಹದಿನೈದು ದಿನ

ಹಾವೇರಿಯ ಸ್ಟೇಷನ್ ರಸ್ತೆಯಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಕೂತು ನಾನು ಜನರಿಗೆ ವೀಸಾ ಅರ್ಜಿ ತುಂಬಿಕೊಡುತ್ತೇನೆ. ಅದಕ್ಕೂ ಮೊದಲು ಬಹಳ ವರ್ಷ ಪ್ರವಾಸದ ಕಂಪನಿಯೊಂದರಲ್ಲಿದ್ದು, ಮಂದಿಯನ್ನು ದೇಶ ದೇಶ ತಿರುಗಿಸಿ ತಂದವಳು. ಈಗಲೂ ಎರಡು ತಿಂಗಳು ಒಂದೇ ಊರಲ್ಲಿ ಇದ್ದರೆ ಅಂಗಾಲು ಕಡಿಯುತ್ತದೆ. ಆದರೆ ಈ ಕೋಣೆಯಲ್ಲಿ ಬೇಸರಕ್ಕೆ ಜಾಗವಿಲ್ಲ. ಬಾಗಿಲು ತೆಗೆದರೆ ಸಾಕು, ಏನಾದರೊಂದು ತಾನೇ ಮೆಟ್ಟಿಲು ಹತ್ತಿಕೊಂಡು ಬರುತ್ತದೆ. ಅರ್ಜಿ ತುಂಬುವುದು ಒಂದು ತಾಸಿನ ಕೆಲಸ. ಆಮೇಲೆ ಕಾಯುವ ದಿನಗಳಲ್ಲಿಯೇ ಜನ ಬಯಲಿಗೆ ಬೀಳುವುದು. ಇಲ್ಲಿ ಬರೆದಿರುವುದು ಒಂದೇ ಮನೆಯ ಎರಡು ಅರ್ಜಿಗಳ ಸಂಗತಿ.

ಮೂರು ದೇಶಕ್ಕ ಹಾಕ್ರಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಒಬ್ಬ ಸಾವಕಾರರು ಹೆಂಡತಿಯನ್ನು ಕರೆದುಕೊಂಡು ಬಂದರು. ಬಿಳಿ ಅಂಗಿ, ಬಿಳಿ ಧೋತರ, ಕಿವಿಗೆ ಸದಾ ಫೋನು. ಯುರೋಪಿನ ಒಂದು ಊರಲ್ಲಿ ಮಸಾಲೆ ಪದಾರ್ಥಗಳ ದೊಡ್ಡ ಮೇಳ. ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಅಲ್ಲಿನ ಖರೀದಿದಾರನೊಬ್ಬ ಇವರ ಅಂಗಡಿಗೆ ಆಮಂತ್ರಣ ಕಳಿಸಿದ್ದ. ಮೇಳಕ್ಕೆ ಬಂದು ಮಾತಾಡಿದರೆ ವರ್ಷದ ಮಾಲು ಇವರಿಂದ, ಬರದಿದ್ದರೆ ಆಂಧ್ರದ ವ್ಯಾಪಾರಿಯಿಂದ ಅಂತ ಸ್ಪಷ್ಟವಾಗಿ ಬರೆದಿದ್ದ. ಮೇಳಕ್ಕೆ ಇನ್ನು ಎರಡು ತಿಂಗಳಿತ್ತು. ಹೇಗೂ ಹೋಗುವುದು, ಹೆಂಡತಿಗೂ ಊರು ತೋರಿಸಿದಂತಾಯಿತು ಅಂತ ಇಬ್ಬರಿಗೂ ಅರ್ಜಿ.

ವೀಸಾ ಎಷ್ಟು ದಿನಕ್ಕೆ ಬರುತ್ತದೆ ಅಂತ ಕೇಳಿದರು. ಸಾಮಾನ್ಯವಾಗಿ ಹದಿನೈದು ದಿನ, ಕೆಲವೊಮ್ಮೆ ನಲವತ್ತೈದೂ ಆಗಬಹುದು ಅಂದೆ. ಅವರು ಕೇಳಿಸಿಕೊಂಡದ್ದು ಹದಿನೈದು ಮಾತ್ರ. ಅದೂ ಹೆಚ್ಚಾಯಿತು ಅನಿಸಿರಬೇಕು, ಕುರ್ಚಿ ಮುಂದಕ್ಕೆಳೆದು ನನಗೆ ವ್ಯಾಪಾರ ಕಲಿಸಿದರು.

"ಬಾಯಾರ, ನಮ್ಮ ಪ್ಯಾಟ್ಯಾಗ ಒಂದು ರಾಶಿಗೆ ಇಪ್ಪತ್ತು ಮಂದಿ ಟೆಂಡರ್ ಹಾಕ್ತಾರ. ಯಾರ್ದು ಚಲೋ ಬರ್ತೈತಿ ಅವರಿಗೆ ಕೊಡ್ತೇವಿ. ನೀವೂ ಹಂಗ ಮಾಡ್ರಿ. ಆಜೂಬಾಜೂ ಮೂರು ದೇಶಕ್ಕ ಹಾಕ್ರಿ. ಯಾರು ಲಗೂ ಕೊಡ್ತಾರ, ಅವರ ಕಡೆ ಇಳಿಯೂಣು."

ಪಾಸ್‌ಪೋರ್ಟನ್ನು ಅರ್ಜಿಯ ಜೊತೆಗೇ ಕೊಡಬೇಕು, ಒಂದು ಪಾಸ್‌ಪೋರ್ಟ್ ಮೂರು ಕಡೆ ಇರಲಾರದು ಅಂತ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ನಂತರ, ಹಾಗಾದರೆ ಇನ್ನೆರಡು ಪಾಸ್‌ಪೋರ್ಟ್ ಮಾಡಿಸಲು ಎಷ್ಟು ದಿನ ಹಿಡಿಯುತ್ತದೆ ಅಂತ ಕೇಳಿದರು.

ಅಮಾಸಿ

ಬೆಂಗಳೂರಿನ ಅರ್ಜಿ ಕೇಂದ್ರದಲ್ಲಿ ಇಬ್ಬರಿಗೂ ಒಂದೇ ದಿನ ಸಮಯ ಸಿಕ್ಕಿತು. ಅದು ಸಿಗುವುದೇ ಕಷ್ಟ, ನಾನು ಎರಡು ದಿನ ಕಂಪ್ಯೂಟರ್ ಮುಂದೆ ಕಾದು ಹಿಡಿದದ್ದು. ಸಂತೋಷದಿಂದ ಫೋನು ಮಾಡಿ ಹೇಳಿದರೆ ಸಾವಕಾರರು ಕ್ಯಾಲೆಂಡರ್ ನೋಡಿ ಬರುತ್ತೇನೆಂದು ಹೋದವರು ಬಂದು, ಅವತ್ತು ಅಮಾಸಿ, ಅವತ್ತು ಪೇಟೆಯಲ್ಲಿ ತಕ್ಕಡಿಯನ್ನೂ ಮುಟ್ಟುವುದಿಲ್ಲ, ಹೊಸ ಕೆಲಸಕ್ಕೆ ಆಗುವುದಿಲ್ಲ ಅಂದರು.

ಅರ್ಜಿ ಕೊಡುವುದು ಹೊಸ ಕೆಲಸವಲ್ಲ, ಬರೀ ಕಾಗದ ಮುಟ್ಟಿಸುವುದು ಅಂತ ಹೇಳಿ ನೋಡಿದೆ. ಅವರು ಒಪ್ಪಲಿಲ್ಲ. ಹಿಂದಿನಿಂದ ಅವರ ಹೆಂಡತಿ, ಸಾವಕಾರ್ತಿ, ಏನೋ ಅನ್ನುವುದು ಕೇಳಿಸಿತು. ಸಾವಕಾರರು ಅದನ್ನು ನನಗೆ ದಾಟಿಸಲಿಲ್ಲ. ದಿನ ಬದಲಿಸಿದೆ. ಮುಂದಿನ ಸಮಯ ಸಿಕ್ಕಿದ್ದು ಹನ್ನೊಂದು ದಿನದ ನಂತರ.

ಆಮೇಲೊಮ್ಮೆ ಸಾವಕಾರ್ತಿಯನ್ನೇ ಕೇಳಿದೆ, ಅವತ್ತು ಏನು ಹೇಳಿದಿರಿ ಅಂತ. ಮೆತ್ತಗೆ ಅಂದರು: "ನಮ್ಮ ಲಗ್ನದ ಮಾತುಕತಿಗೆ ಇವರು ಬಂದದ್ದು ಅಮಾಸಿ ದಿನ ರೀ. ಹಂಗಂದ್ರ ಅವತ್ತ ವಾಪಸ್ ಹೋಗಬೇಕಿತ್ತಲ್ರಿ, ಅಂದೆ."

ರಾಣೇಬೆನ್ನೂರಿನ ಫೋಟೋ

ಫೋಟೋ ತೆಗೆಸಲು ಹಾವೇರಿಯಲ್ಲೇ ಜಾಗವಿದೆ. ಆದರೆ ಸಾವಕಾರ್ತಿಯ ತವರು ರಾಣೇಬೆನ್ನೂರು, ಅಲ್ಲಿ ಅವರ ಮದುವೆಯ ಫೋಟೋ ತೆಗೆದ ಸ್ಟುಡಿಯೋ ಇದೆ, ಅಲ್ಲಿಗೇ ಹೋಗಬೇಕೆಂದು ಸಾವಕಾರರೇ ಹಟ ಹಿಡಿದರು. ಬಿಳಿ ಹಿನ್ನೆಲೆ, ಇದ್ದದ್ದು ಇದ್ದ ಹಾಗೆ ಇರಬೇಕು ಅಂತ ನಾನು ಚೀಟಿಯಲ್ಲಿ ಬರೆದುಕೊಟ್ಟೆ. ಸ್ಟುಡಿಯೋದವನಿಗೆ ಹಳೇ ಗಿರಾಕಿಯ ಮೇಲೆ ಅಭಿಮಾನ. ಸಾವಕಾರ್ತಿ ನನ್ನ ಚೀಟಿಯನ್ನು ಅವನ ಮುಂದೆ ಹಿಡಿದೇ ಕೂತಿದ್ದರಿಂದ ಅವರ ಫೋಟೋ ಒಂದು ಇದ್ದ ಹಾಗೇ ಉಳಿಯಿತು. ಸಾವಕಾರರ ಮುಖದ ಗೆರೆ ಹೋದವು, ನರೆ ಹೋಯಿತು, ಬಣ್ಣ ನಾಲ್ಕು ಪಟ್ಟು ಬೆಳ್ಳಗಾಯಿತು, ಧೋತರದ ಮೇಲಿನ ಬಿಳಿ ಅಂಗಿಗೆ ಕಪ್ಪು ಕೋಟು ಟೈ ಬಂದವು.

ನನಗೆ ತೋರಿಸದೆಯೇ ಇದನ್ನು ಬೆಂಗಳೂರಿಗೆ ಒಯ್ದರು. ಕೌಂಟರಿನ ಹುಡುಗಿ ಫೋಟೋ ನೋಡಿದಳು, ಸಾವಕಾರರನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ನಂತರ ಬಹಳ ವಿನಯದಿಂದ, "ಸಾರ್, ಅರ್ಜಿ ನಿಮ್ಮ ಮಗನದ್ದಾದ್ರೆ ಅವರೇ ಬರಬೇಕು" ಅಂದಳು.

ಅಲ್ಲೇ ಇದ್ದ ಯಂತ್ರದ ಮುಂದೆ ಕೂಡಿಸಿ ಹೊಸ ಫೋಟೋ ತೆಗೆದರು. ಸಾವಕಾರರಿಗೆ ಇದರಿಂದ ಅವಮಾನವಾಗಿದ್ದರೆ ಕಥೆ ಮುಗಿಯುತ್ತಿತ್ತು. ಅವರು ವಾರಗಟ್ಟಲೆ ಪೇಟೆಯಲ್ಲಿ ಕಂಡವರಿಗೆಲ್ಲ ಆ ಮೊದಲನೇ ಫೋಟೋ ತೋರಿಸಿಕೊಂಡು ತಿರುಗಿದರು.

ಮಾಲಕರು ಯಾರು

ಇದನ್ನು ಮೊದಲೇ ಹೇಳಬೇಕಿತ್ತು, ಏಕೆಂದರೆ ಮುಂದಿನದೆಲ್ಲ ಇದರಿಂದ ಆಯಿತು. ಅರ್ಜಿಗೆ ಲಗತ್ತಿಸಲು ಅಂಗಡಿಯ ಕಾಗದ ತನ್ನಿ ಅಂದಾಗ ಸಾವಕಾರರು ಒಂದು ಚೀಲದ ತುಂಬ ತಂದು ಸುರಿದಿದ್ದರು. ಪೇಟೆಯ ಪರವಾನಗಿ, ತೆರಿಗೆ ನೋಂದಣಿ, ಬ್ಯಾಂಕಿನ ಖಾತೆ, ಎಲ್ಲದರ ಮೇಲೂ ಹೆಸರು ಒಂದೇ, ಸಾವಕಾರ್ತಿಯದು. ನಮ್ಮ ಕಡೆ ಇದೇನು ಹೊಸದಲ್ಲ. ಹಿರಿಯರು ಯಾವುದೋ ಕಾಲದಲ್ಲಿ ಲೆಕ್ಕ ಹಾಕಿ ಸೊಸೆಯ ಹೆಸರಿಗೆ ಮಾಡಿಸಿರುತ್ತಾರೆ, ಆಮೇಲೆ ಎಲ್ಲರೂ ಮರೆತುಬಿಡುತ್ತಾರೆ. ಹೆಸರಿನ ಒಡತಿ ಅಡುಗೆಮನೆಯಲ್ಲಿ, ಅಂಗಡಿಯ ಗಾದಿಯ ಮೇಲೆ ಗಂಡ.

ನಾನು ನಿಯಮದಂತೆ ತುಂಬಲು ಹೊರಟೆ. ಸಾವಕಾರ್ತಿ ಮಾಲಕಿ, ಸಾವಕಾರರು ಅದೇ ಅಂಗಡಿಯ ಮ್ಯಾನೇಜರ್.

ಸಾವಕಾರರ ಕೈಯ ಚಹಾದ ಲೋಟ ಅರ್ಧದಲ್ಲೇ ನಿಂತಿತು. "ಇಕಿ ಕೈಯಾಗ ನಾ ನೌಕರಿ ಮಾಡ್ತೇನೇನ್ರಿ?"

ಕಾಗದ ಹಾಗೆ ಹೇಳುತ್ತದೆ ಅಂದೆ. ಬ್ಯಾಡಗಿ ಪೇಟೆ ಏನು ಹೇಳುತ್ತದೆ ಕೇಳಿ ಬನ್ನಿ ಅಂದರು. ಪರದೇಶದವರು ಬ್ಯಾಡಗಿ ಪೇಟೆಯನ್ನು ಕೇಳುವುದಿಲ್ಲ ಅಂದೆ. ಅರ್ಧ ತಾಸು ಹೀಗೇ ನಡೆಯಿತು. ಸಾವಕಾರ್ತಿ ನನ್ನ ಗೋಡೆಯ ನಕಾಶೆ ನೋಡುತ್ತ ಕೂತಿದ್ದರು. ಕಡೆಗೆ ಗಿರಾಕಿ ಹೇಳಿದ್ದನ್ನೇ ಬರೆಯಬೇಕಾಯಿತು. ಇಬ್ಬರ ಅರ್ಜಿಯಲ್ಲೂ ಉದ್ಯೋಗದ ಮುಂದೆ ಮಾಲಕ ಅಂತಲೇ ಬಿತ್ತು.

ಸಹಿ ಹಾಕುವಾಗ ಸಾವಕಾರ್ತಿ ಮೊದಲ ಸಲ ಬಾಯಿ ತೆಗೆದರು. "ಅಂಗಡಿ ನಂದೈತಿ ಅಂತ ನನಗ ಇವತ್ತ ಗೊತ್ತಾತು ನೋಡ್ರಿ. ಒಂದು ಸಲ ಬಂದು ನೋಡಬೇಕು."

ಘಾಟು

ಅರ್ಜಿ ಹೋಯಿತು. ಹದಿನೈದನೇ ದಿನ ಮುಂಜಾನೆ ನಾನು ಬೀಗ ತೆಗೆಯುವ ಮೊದಲೇ ಸಾವಕಾರರು ಮೆಟ್ಟಿಲ ಮೇಲೆ ಕೂತಿದ್ದರು. ಬಂದಿಲ್ಲ ಅಂದೆ. ಹದಿನಾರನೇ ದಿನ ಬಂದರು, ಹದಿನೇಳನೇ ದಿನವೂ ಬಂದರು. ಅರ್ಜಿಯ ಸ್ಥಿತಿ ಫೋನಿನಲ್ಲೇ ನೋಡಿಕೊಳ್ಳಬಹುದು ಅಂತ ತೋರಿಸಿಕೊಟ್ಟರೂ, ಯಂತ್ರದ ಮಾತಿಗಿಂತ ಮನುಷ್ಯರ ಮುಖ ನೋಡಿ ಕೇಳುವುದು ಅವರಿಗೆ ವಾಡಿಕೆ. ಬರಿಗೈಯಲ್ಲಿ ಬಂದರೆ ಚಂದ ಕಾಣುವುದಿಲ್ಲ ಅಂತ ಬಂದಾಗಲೆಲ್ಲ ಒಂದು ಚೀಲ ಮೆಣಸಿನಕಾಯಿ ಇಲ್ಲವೇ ಹೊಸದಾಗಿ ಬೀಸಿದ ಖಾರದಪುಡಿ.

ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ, ನಿಜ. ಆದರೆ ಹತ್ತಡಿ ಕೋಣೆಯಲ್ಲಿ ಒಂಬತ್ತು ಚೀಲ ಇಟ್ಟು ಮೇಲೆ ಫ್ಯಾನ್ ಹಾಕಿದರೆ ಯಾವ ಕಾಯಿಯಾದರೂ ತನ್ನ ಗುಣ ತೋರಿಸುತ್ತದೆ. ಬಂದವರೆಲ್ಲ ಸೀನತೊಡಗಿದರು, ಕಣ್ಣು ಕೆಂಪಗೆ ಮಾಡಿಕೊಂಡು, ಮೂಗು ಒರೆಸಿಕೊಂಡು ಇಳಿದು ಹೋಗುತ್ತಿದ್ದರು. ಕೆಳಗಿನ ಝೆರಾಕ್ಸ್ ಅಂಗಡಿಯವರು ಒಂದು ಸಂಜೆ ಮೇಲೆ ಬಂದು ಬಹಳ ಕಳಕಳಿಯಿಂದ ಕೇಳಿದರು: "ಏನ್ರಿ ಅಕ್ಕಾರ, ಈ ತಿಂಗಳು ಒಬ್ಬರಿಗೂ ವೀಸಾ ಆಗಿಲ್ಲೇನು? ಎಲ್ಲಾರೂ ಅಳಕೋತ ಹೊಂಟಾರಲ್ಲ."

ಲೋನ್ ಬ್ಯಾಡ್ರಿ

ಮೇಳಕ್ಕೆ ಹತ್ತು ದಿನ ಉಳಿದಿತ್ತು. ಖರೀದಿದಾರ ಎರಡು ಸಲ ಮೇಲ್ ಹಾಕಿ ಬರುತ್ತೀರೋ ಇಲ್ಲವೋ ಅಂತ ಕೇಳಿದ್ದ. ಸಾವಕಾರರ ಊಟ ಕಡಿಮೆಯಾಗಿತ್ತು.

ಅಂಥ ಒಂದು ಸೋಮವಾರ, ಪೇಟೆಯಲ್ಲಿ ಟೆಂಡರಿನ ಗದ್ದಲದ ನಡುವೆ ಸಾವಕಾರರಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಕತ್ತರಿಸಿದರು. ಮತ್ತೆ ಬಂತು, ಮತ್ತೆ ಕತ್ತರಿಸಿದರು. ಮೂರನೇ ಸಲ ಎತ್ತಿದರೆ ಒಬ್ಬ ಹೆಣ್ಣುಮಗಳು ನಯವಾಗಿ, ತಾವು ಅಂಗಡಿಯ ಮಾಲೀಕರೇ ಅಂತ ಕೇಳಿದಳು. ಇಂಥ ನಯ ಸಾವಕಾರರಿಗೆ ದಿನಾ ಕೇಳಿ ಗೊತ್ತಿತ್ತು.

"ಇಲ್ರಿ, ನಾ ಮಾಲಕ ಅಲ್ಲ, ಮಾಲಕರು ಊರಾಗಿಲ್ಲ, ಲೋನ್ ಬ್ಯಾಡ್ರಿ" ಅಂದು ಇಟ್ಟುಬಿಟ್ಟರು.

ಆ ಹೆಣ್ಣುಮಗಳು ವೀಸಾ ಕಚೇರಿಯವಳು. ಅಂಗಡಿಗೆ ಇಬ್ಬರು ಮಾಲಕರು ಹೇಗೆ ಅಂತ ಕೇಳಲು ಮಾಡಿದ್ದಳು. ಮುಂದಿನ ಫೋನು ಸಾವಕಾರ್ತಿಗೆ ಹೋಯಿತು. ಅವರು ರೊಟ್ಟಿ ಬಡಿಯುತ್ತಿದ್ದರಂತೆ. ಒಲೆ ಸಣ್ಣ ಮಾಡಿ, ಕೂತು, ಪರವಾನಗಿ ತಮ್ಮ ಹೆಸರಿಗಿರುವುದನ್ನು, ಮೆಣಸಿನಕಾಯಿ ಯಾವ ತಿಂಗಳು ಬರುತ್ತದೆ, ಕೋಲ್ಡ್ ಸ್ಟೋರೇಜಿನಲ್ಲಿ ಎಷ್ಟು ದಿನ ತಾಳುತ್ತದೆ ಅನ್ನುವುದನ್ನು ಇಪ್ಪತ್ತು ನಿಮಿಷ ವಿವರಿಸಿದರು. ಹೋದವರು ತಿರುಗಿ ಬರುತ್ತೀರಾ ಅಂತ ಆಕೆ ಕೇಳಿದ್ದಕ್ಕೆ, ಬರದೆ ಏನು ಮಾಡಲಿ, ಅಂಗಡಿ ಇಲ್ಲೇ ಇದೆಯಲ್ಲ ಅಂದರಂತೆ. ಕಡೆಗೆ ಆ ಹುಡುಗಿಗೆ ಮದುವೆಯಾಗಿದೆಯೇ ಅಂತಲೂ ಕೇಳಿ ತಿಳಿದುಕೊಂಡರು.

ಮೇಳಕ್ಕೆ ನಾಲ್ಕು ದಿನವಿರುವಾಗ ಎರಡು ಲಕೋಟೆ ಬಂದವು. ಒಂದರಲ್ಲಿ ವೀಸಾ. ಇನ್ನೊಂದರಲ್ಲಿ, ಅರ್ಜಿದಾರರು ತಮ್ಮ ಉದ್ಯೋಗದ ಬಗ್ಗೆ ಕೊಟ್ಟ ಮಾಹಿತಿ ನಂಬುವಂತಿಲ್ಲ ಅಂತ ಒಂದು ಪತ್ರ. ಸಾವಕಾರರು ಅದನ್ನು ನನ್ನಿಂದ ಎರಡು ಸಲ ಓದಿಸಿದರು. ಮೂವತ್ತು ವರ್ಷ ಆ ಗಾದಿ ಬಿಟ್ಟು ಎದ್ದವರಲ್ಲ. ಎರಡನೇ ಸಲ ಓದಿ ಮುಗಿದ ಮೇಲೆ ಹೆಂಡತಿಯನ್ನು ನೋಡಿ ಅಂದರು: "ಪೇಟಿ ಮಂದಿಗೆ ನನ್ನ ವೀಸಾ ಇನ್ನೂ ಬಂದಿಲ್ಲಂತ ಹೇಳು. ಆಗಿಲ್ಲಂತ ಹೇಳಬ್ಯಾಡ."

ಉಳಿದ ದಿನಗಳು

ಒಬ್ಬಳೇ ಹೋಗಿ ಇವಳು ಏನು ಮಾಡುತ್ತಾಳೆ ಅನ್ನುವುದು ಸಾವಕಾರರ ಪ್ರಶ್ನೆ. ಕಾಯಿ ನೋಡುತ್ತೇನೆ ಅನ್ನುವುದು ಸಾವಕಾರ್ತಿಯ ಉತ್ತರ. ಮನೆಗೆ ಬಂದ ಕಾಯಿ ಒಣಗಿಸಿ, ಆರಿಸಿ ಪಳಗಿದ ಕೈ ಅವರದು. ನನ್ನ ಪಾಸ್‌ಪೋರ್ಟಿನಲ್ಲಿ ಆ ಕಡೆಯ ವೀಸಾ ಇನ್ನೂ ಜೀವಂತವಿತ್ತು, ಅಂಗಾಲೂ ಕಡಿಯುತ್ತಿತ್ತು. ಮಾತು ಅತ್ತಿಂದಿತ್ತ ಮಾಡಲು ನಾನು ಜೊತೆಗೆ ಹೊರಟೆ.

ಮೇಳದಲ್ಲಿ ಆ ಖರೀದಿದಾರ ಆಂಧ್ರದ ವ್ಯಾಪಾರಿ ಕೊಟ್ಟ ನಮೂನೆಯನ್ನೂ ಮೇಜಿನ ಮೇಲೆ ಇಟ್ಟುಕೊಂಡಿದ್ದ. ಕಡುಗೆಂಪು, ಮಿರಮಿರ ಮಿಂಚುತ್ತಿತ್ತು. ಸಾವಕಾರ್ತಿ ಅದರಲ್ಲೊಂದನ್ನು ತೆಗೆದುಕೊಂಡು, ಮುರಿದು, ಮೂಸಿ, ಅವನ ಬಿಳಿ ಕಾಗದದ ಮೇಲೆ ಉಜ್ಜಿದರು. ಕಾಗದದ ಮೇಲೆ ಬಣ್ಣ ಕಡಿಮೆ, ಎಣ್ಣೆಯ ಕಲೆ ಹೆಚ್ಚು. "ಹ್ವಾದ ವರ್ಷದ ಕಾಯಿ. ಮ್ಯಾಲೆ ಎಣ್ಣಿ ಸವರ್ಯಾರ" ಅಂದರು. ಅದನ್ನು ನಾನು ಇಂಗ್ಲಿಷಿನಲ್ಲಿ ದಾಟಿಸಿದೆ. ಆತ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದ, ತನ್ನ ಬೆರಳು ನೋಡಿಕೊಂಡ, ಆಮೇಲೆ ಕುರ್ಚಿ ಎಳೆದು ಅವರನ್ನು ಕೂಡಿಸಿದ. ಮೂರನೇ ದಿನಕ್ಕೆ ವರ್ಷದ ಮಾಲಿನ ಕರಾರಿಗೆ ಸಹಿಯಾಯಿತು. ಪರವಾನಗಿಯಲ್ಲಿರುವ ಹೆಸರಿನ ಸಹಿ.

ಬ್ಯಾಡಗಿಗೆ ವಿಡಿಯೋ ಫೋನು ಮಾಡಿದೆವು. ಸುದ್ದಿ ಕೇಳಿ ಸಾವಕಾರರ ಮುಖ ಅರಳಿತು. ಪಕ್ಕದ ಅಂಗಡಿಯವರನ್ನೆಲ್ಲ ಕರೆದು ಹೆಂಡತಿಯನ್ನು ತೋರಿಸಿದರು. ಎಲ್ಲರೂ ಹೋದ ಮೇಲೆ ದನಿ ಇಳಿಸಿ, ಕೆಲಸ ಮುಗಿಯಿತಲ್ಲ, ಟಿಕೆಟ್ ಮುಂಚಿನ ದಿನಕ್ಕೆ ಮಾಡಿಸಿಕೊಂಡು ನಾಡಿದ್ದೇ ಬಂದುಬಿಡು, ಮನೆಯಲ್ಲಿ ಮೂರು ದಿನದಿಂದ ಬರೀ ಖಾನಾವಳಿ ಊಟ ಅಂದರು.

ಸಾವಕಾರ್ತಿ ಪರ್ಸಿನಿಂದ ಪಾಸ್‌ಪೋರ್ಟ್ ತೆಗೆದು, ವೀಸಾದ ಹಾಳೆ ಬಿಚ್ಚಿ, ನನ್ನಿಂದ ಇನ್ನೊಮ್ಮೆ ಓದಿಸಿ ಖಾತ್ರಿ ಮಾಡಿಕೊಂಡರು.

"ಇದರಾಗ ಇಪ್ಪತ್ತು ದಿನ ಅಂತ ಬರದಾರ ರೀ. ಇನ್ನ ಹದಿನೇಳು ಉಳದಾವು. ಅಷ್ಟು ಕಾಯಿಸಿ, ಅಷ್ಟು ವಿಚಾರ ಮಾಡಿ ಕೊಟ್ಟಾರ. ಎಲಿಯಾಗ ಬಡಿಸಿದ್ದನ್ನ ಬಿಟ್ಟು ಎದ್ದಂಗ ಎದ್ದು ಬಂದ್ರ ಅವರು ಏನ ತಿಳಕೋತಾರ? ಮುಂದಿನ ವರ್ಷ ಮತ್ತ ಕೇಳಬೇಕು ಅವರನ್ನ."

ಅಷ್ಟಂದು ಫೋನನ್ನು ನನ್ನ ಕೈಗಿತ್ತು, ಪಾಸ್‌ಪೋರ್ಟನ್ನು ಮತ್ತೆ ಪರ್ಸಿಗೆ ಸೇರಿಸಿದರು. ನಾನು ಇಣುಕಿದೆ. ಸಾವಕಾರರು ಗಾದಿಯ ಮೇಲೆ ಹಾಗೇ ಕೂತಿದ್ದರು. ನನ್ನ ಮುಖ ಕಂಡ ಕೂಡಲೇ ಫೋನನ್ನು ಹತ್ತಿರ ತಂದು, ಹೆಂಡತಿಗೆ ಕೇಳದಿರಲೆಂಬಂತೆ ಪಿಸುದನಿಯಲ್ಲಿ ಕೇಳಿದರು:

"ಬಾಯಾರ, ಮಂದಿನ್ನ ಹೊರಗ ಕಳಸೂ ಅರ್ಜಿ ತುಂಬತೀರಲ್ಲ, ಹೊರಗ ಹ್ವಾದವರನ್ನ ಮನಿಗೆ ಕರಸೂ ಅರ್ಜಿ ಯಾವುದೂ ಇಲ್ಲೇನ್ರಿ? ಎಷ್ಟು ದಿನ ಹಿಡದ್ರೂ ಹಿಡೀಲಿ, ಇವತ್ತ ಹಾಕಿಬಿಡ್ರಿ. ಉದ್ಯೋಗದ ಕಾಲಮಿನಾಗ ಬೇಕಾದ್ರ ಮ್ಯಾನೇಜರ್ ಅಂತನ ಬರ್ಕೋರಿ."