ಬಾಯಿ ಬಿಡದ ರೇಡಿಯೋ

“ಕೋರ್ಟಿನಲ್ಲಿ ಎಂಥೆಂಥ ಮೂಗಬಸವರ ಬಾಯಿ ಬಿಡಿಸಿದ್ದೀನಿ, ಇದೊಂದು ಡಬ್ಬಿ ನನಗೆ ಯಾವ ಲೆಕ್ಕ!” ಎಂದು ವಕೀಲರು ಭಾನುವಾರ ಬೆಳಗ್ಗೆ ಶರ್ಟಿನ ತೋಳು ಮಡಚಿದರು.

ಡಬ್ಬಿ ಎಂದರೆ ಅವರ ಕಾರಿನಲ್ಲಿ ಹೊಸದಾಗಿ ಕೂರಿಸಿದ್ದ ಹ್ಯಾಮ್ ರೇಡಿಯೋ. ಇಂಥದೇ ಸೆಟ್ಟಿಟ್ಟುಕೊಂಡು ಪರಸ್ಪರ ಮಾತಾಡುವ ಊರಿನ ಹವ್ಯಾಸಿಗಳೆಲ್ಲರ ದನಿ ಅದರಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿತ್ತು. ಆದರೆ ವಕೀಲರು ಮೈಕಿನ ಗುಂಡಿ ಒತ್ತಿ ಬಾಯಿ ತೆರೆದರೆ ಸಾಕು, ಸೆಟ್ಟು ಒಮ್ಮೆ ತನ್ನ ದೀಪದ ಕಣ್ಣು ಮುಚ್ಚಿ, ಮತ್ತೆ ತೆರೆದು, ಏನೂ ಆಗಿಲ್ಲವೆಂಬಂತೆ ಕೂರುತ್ತಿತ್ತು. ತಮ್ಮ ಮಾತನ್ನು ಯಾರಿಗೂ ಮುಟ್ಟಿಸದ ವಸ್ತುವನ್ನು ವಕೀಲರು ಜನ್ಮದಲ್ಲೇ ಕಂಡಿರಲಿಲ್ಲ.

ಮುಂದಿನ ವಾರ ಊರಿನಲ್ಲಿ ಸೈಕಲ್ ಸ್ಪರ್ಧೆ. ಸವಾರರ ಮುಂದೆ ಹೋಗುತ್ತ ರೇಡಿಯೋದಲ್ಲಿ ಸುದ್ದಿ ಕೊಡುವ ಕಾರು ಯಾರದ್ದು ಎಂಬುದು ಇವತ್ತೇ ತೀರ್ಮಾನವಾಗಬೇಕಿತ್ತು. ಹ್ಯಾಮ್ ಕ್ಲಬ್ಬಿನಲ್ಲಿ ಪ್ರತಿ ಭಾನುವಾರ ಗಾಳಿಯಲ್ಲೇ, ಅಂದರೆ ರೇಡಿಯೋದಲ್ಲೇ, ಎಲ್ಲರ ಹಾಜರಿ ಕರೆಯುವ ಹಿರಿಯರೊಬ್ಬರಿದ್ದರು. ಎಲ್ಲರೂ ಅವರನ್ನು ಹಾಜರಿ ಅಜ್ಜ ಎನ್ನುತ್ತಿದ್ದರು. ಓಡುವ ಕಾರಿನಿಂದ ಇವತ್ತು ಹಾಜರಿ ಹೇಳಿದರೆ ಸವಾರರ ಮುಂದೆ ಹೋಗುವ ಕಾರು ವಕೀಲರದ್ದು, ತಪ್ಪಿದರೆ ಕ್ಲಬ್ಬಿನ ಇನ್ನೊಬ್ಬ ಸದಸ್ಯರಾದ ದಂತವೈದ್ಯರದ್ದು ಎಂದು ಅಜ್ಜ ಕಡ್ಡಿ ಮುರಿದಂತೆ ಹೇಳಿದ್ದರು. ವಕೀಲರು ಈ ಗೌರವವನ್ನು ಆಗಲೇ ಊರೆಲ್ಲ ಸಾರಿ, ಅದಕ್ಕೆಂದೇ ಒಂದು ಬಿಳಿ ಟೋಪಿಯನ್ನೂ ಕೊಂಡಿದ್ದರು.

ಆ ಮನೆಯಲ್ಲಿ ಹ್ಯಾಮ್ ರೇಡಿಯೋದಲ್ಲಿ ಮಾತಾಡುವ ಲೈಸೆನ್ಸ್ ಇದ್ದದ್ದು ವಕೀಲರೊಬ್ಬರಿಗೇ ಅಲ್ಲ. ಪರೀಕ್ಷೆಗೆ ಹೋಗುವಾಗ ಧೈರ್ಯಕ್ಕಿರಲಿ ಎಂದು ಹೆಂಡತಿಯನ್ನೂ ಕೂರಿಸಿದ್ದರು. ಹೆಂಡತಿ ಮೊದಲ ಸಲಕ್ಕೇ ಪಾಸಾದರು. ವಕೀಲರು ಫೇಲಾದರು, ಅದೂ ಕಾನೂನು ನಿಯಮಗಳ ಭಾಗದಲ್ಲಿ! ಮುಂದೆ ಅವರೂ ಪಾಸಾದರೆನ್ನಿ. ಹೆಂಡತಿಯ ಲೈಸೆನ್ಸ್ ಮಾತ್ರ ಕನ್ನಡಿಯ ಹಿಂದೆ ಸಿಕ್ಕಿಕೊಂಡೇ ಉಳಿಯಿತು. “ಮನೆಯಲ್ಲಿ ಹೇಳಿದ್ದನ್ನೇ ಯಾರೂ ಕೇಳಲ್ಲ, ಇನ್ನು ಗಾಳಿಯಲ್ಲಿ ಹೇಳಿ ಏನು ಮಾಡ್ಲಿ?” ಎಂದು ಆಕೆ ಸುಮ್ಮನಾಗಿದ್ದರು.

ಗೇಟಿನ ಮುಂದೆ ವಿಚಾರಣೆ ಶುರುವಾಯಿತು. ಮೊದಲನೇ ಆರೋಪಿ ಮೈಕು. ಬೇರೆ ಮೈಕು ಹಾಕಿದರೂ ಸೆಟ್ಟು ಅದೇ ಆಟ ಆಡಿದ್ದರಿಂದ ಅದು ನಿರಪರಾಧಿ. ಎರಡನೇ ಆರೋಪಿ ಆಂಟೆನಾ. ಅದನ್ನು ಬಿಚ್ಚಿ, ಒರೆಸಿ, ಕೂರಿಸಿದ್ದಾಯಿತು. ಕೇಬಲ್ಲಿಗಾಗಿ ಹಿಂದಿನ ಸೀಟನ್ನೇ ಕಿತ್ತು ಅಂಗಳದಲ್ಲಿಟ್ಟರು. ತಮ್ಮ ದನಿ ಹೊರಡುತ್ತದೆಯೋ ಇಲ್ಲವೋ ಎಂದು ಕೇಳಲು ಸೊಂಟಕ್ಕೆ ಪುಟ್ಟ ಕೈಸೆಟ್ಟು ಬೇರೆ. ಅದರ ದನಿ ಬೀದಿಯ ತಿರುವು ದಾಟುತ್ತಿರಲಿಲ್ಲ, ಕಿವಿ ಮಾತ್ರ ಚುರುಕು. ಇಷ್ಟೂ ಹೊತ್ತು ಕಾರಿನ ಬಾಗಿಲು ತೆರೆದೇ ಇತ್ತು, ಒಳಗಿನ ದೀಪ ಉರಿಯುತ್ತಲೇ ಇತ್ತು.

ಕಾಫಿ ತಂದ ಹೆಂಡತಿ ಒಂದು ನಿಮಿಷ ನಿಂತು ನೋಡಿದರು.

“ರೀ, ನೀವು ಗುಂಡಿ ಒತ್ತಿದಾಗೆಲ್ಲ ಆ ದೀಪ ಮಂಕಾಗ್ತಿದೆ.”

“ದೀಪಕ್ಕೂ ಈ ಪ್ರಕರಣಕ್ಕೂ ಸಂಬಂಧ ಇಲ್ಲ ಕಣೇ.”

“ಬೆಳಗ್ಗೆ ಬೆಳಗ್ಗೆ ಕಾರು ಕೆಮ್ಮುತ್ತೆ, ಬ್ಯಾಟರಿ ತೋರಿಸಿ ಅಂತ ಎಷ್ಟು ಸಲ ಹೇಳಿದ್ದೀನಿ.”

“ಬ್ಯಾಟರಿ ಸರಿಯಿಲ್ಲದಿದ್ರೆ ಅಷ್ಟು ದೂರದ ದನಿ ಕೇಳಿಸ್ತಿತ್ತಾ? ಆಕ್ಷೇಪಣೆ ತಳ್ಳಿಹಾಕಲಾಗಿದೆ.”

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹೆಂಡತಿ ಲೋಟ ತೆಗೆದುಕೊಂಡು ಒಳಗೆ ಹೋದರು.

ಅಷ್ಟರಲ್ಲಿ ಹಾಜರಿ ಅಜ್ಜ ಗಾಳಿಯಲ್ಲಿ ಗಂಟಲು ಸರಿಮಾಡಿಕೊಂಡರು. ಸೆಟ್ಟು ಆಮೇಲೆ ಬಾಯಿ ಬಿಡಲಿ, ಮೊದಲು ಕಾರು ಓಡಲಿ ಎಂದು ವಕೀಲರು ಕೀಲಿ ತಿರುಗಿಸಿದರು. ‘ಟಕ್’ ಎಂದಿತು. ಇನ್ನೊಮ್ಮೆ ತಿರುಗಿಸಿದರು. ಆ ‘ಟಕ್’ ಕೂಡ ಬರಲಿಲ್ಲ. ಕೇಳುವುದಕ್ಕೆ ಚಿಟಿಕೆಯಷ್ಟು ವಿದ್ಯುತ್ತು ಸಾಕು, ಮಾತಾಡುವುದಕ್ಕೆ ಬೊಗಸೆ ತುಂಬ ಬೇಕು. ಬಡ ಬ್ಯಾಟರಿ ಅಲ್ಲಿಯವರೆಗೆ ಹೇಗೋ ಕೇಳಿಸಿಕೊಂಡಿತ್ತು, ಅಷ್ಟೆ. ಈ ಸತ್ಯ ಹೊಳೆದಾಗ ವಕೀಲರಿಗೆ ನಿಜಕ್ಕೂ ನಾಚಿಕೆಯಾಯಿತು. ಹೆಂಡತಿಯನ್ನು ಕರೆದ ದನಿಯಲ್ಲಿ ವಾದ ಒಂದಿಷ್ಟೂ ಇರಲಿಲ್ಲ.

ಆಕೆ ಸ್ಟೇರಿಂಗ್ ಹಿಡಿದರು, ವಕೀಲರು ಹಿಂದಿನಿಂದ ತಳ್ಳಿದರು. ಒಂದು ಚಪ್ಪಲಿ ಗೇಟಿನ ಬಳಿ ಉಳಿಯಿತು, ಟೋಪಿ ಚರಂಡಿಗೆ ಬಿತ್ತು. ಇಳಿಜಾರಿನಲ್ಲಿ ಕಾರು ಎರಡು ಸಲ ಕುಪ್ಪಳಿಸಿ ಗರ್ರೆಂದು ಸ್ಟಾರ್ಟಾಯಿತು, ಓಡುವ ಎಂಜಿನ್ನಿನಿಂದ ಸೆಟ್ಟಿಗೂ ಬೊಗಸೆ ತುಂಬ ವಿದ್ಯುತ್ತು ಸಿಕ್ಕಿತು. ನಿಲ್ಲಿಸಿದರೆ ಮತ್ತೆ ಆರುವ ಭಯಕ್ಕೆ ಹೆಂಡತಿ ನಿಲ್ಲಿಸಲಿಲ್ಲ. ಏದುಸಿರು ಬಿಡುತ್ತ ಹಿಂದೆ ಓಡುತ್ತಿದ್ದ ವಕೀಲರ ಸೊಂಟದ ಸೆಟ್ಟಿನಲ್ಲಿ ಅಜ್ಜನ ದನಿ ಬಂತು: “ವಕೀಲರೇ, ಕೊನೆಯ ಕರೆ, ಇದ್ದೀರಾ?”

ಉತ್ತರ ಬಂತು. ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿ, ಹೆಂಡತಿಯ ದನಿಯಲ್ಲಿ! ಆಕೆ ಮೊದಲು ಲೈಸೆನ್ಸಿನ ಜೊತೆ ಸಿಕ್ಕಿದ್ದ ತಮ್ಮ ಸ್ವಂತ ಕರೆಗುರುತನ್ನು ಹೇಳಿ, ಓಡುವ ಕಾರಿನಿಂದ ಹಾಜರಿ ಎಂದರು. ಇಷ್ಟು ಚೊಕ್ಕವಾಗಿ ನಿಯಮದ ಪ್ರಕಾರ ಮಾತಾಡುವವರನ್ನು ಕೇಳಿ ಬಹಳ ಕಾಲವಾಯಿತೆಂದು ಅಜ್ಜ ಹಿಗ್ಗಿದರು. ಸವಾರರ ಮುಂದೆ ಹೋಗುವ ಗೌರವ ಅಲ್ಲೇ ಆಕೆಯ ಹೆಸರಿಗಾಯಿತು.

“ವಕೀಲರು ಎಲ್ಲಮ್ಮ?” ಎಂದು ಅಜ್ಜ ಕೇಳಿದರು.

“ಹಿಂದೆ ಓಡಿ ಬರ್ತಿದ್ದಾರೆ.”

“ಸ್ಪರ್ಧೆಯ ದಿನ ಅವರನ್ನೂ ಕರ್ಕೊಂಡು ಬನ್ನಿ, ಬೇಜಾರು ಮಾಡ್ಕೊಂಡಾರು.”

“ಕರ್ಕೊಂಡೇ ಬರ್ತೀನಿ ಅಜ್ಜ,” ಎಂದರು ಹೆಂಡತಿ. “ಅವರಿಲ್ಲದೆ ಈ ಕಾರು ಸ್ಟಾರ್ಟೇ ಆಗಲ್ಲ.”