ಆಗ್ಲಿಬಿಡಿಯವರ ದೋಣಿಯಾಟ

ಕೆಟಲ್ಲಿನ ವೈರು ಇನ್ನೊಂದು ಮೊಳ ಉದ್ದವಿದ್ದಿದ್ದರೆ ಈ ಕತೆಯೇ ಹುಟ್ಟುತ್ತಿರಲಿಲ್ಲ. ಟೀ ಆಗುತ್ತಿತ್ತು, ಜನ ಕುಡಿಯುತ್ತಿದ್ದರು, ಕನ್ನಡಕದ ಅಂಗಡಿಯವರು ಮನೆಗೆ ಹೋಗಿ ಭಾನುವಾರದ ನಿದ್ದೆ ಮಾಡುತ್ತಿದ್ದರು. ಆದರೆ ವೈರು ಗಿಡ್ಡದು. ಆದ್ದರಿಂದ ಅವರು ನೀರು ತುಂಬಿದ ಆ ದೊಡ್ಡ ಕೆಟಲ್ಲನ್ನು ಕೂಸಿನ ಹಾಗೆ ಕಂಕುಳಲ್ಲಿಟ್ಟುಕೊಂಡು, ವಿಡಿಯೋ ಗೇಮ್ ಮ್ಯೂಸಿಯಮ್ಮಿನ ಗೋಡೆಯುದ್ದಕ್ಕೂ ಖಾಲಿ ಪ್ಲಗ್ ಪಾಯಿಂಟ್ ಹುಡುಕುತ್ತ ಅಲೆಯುತ್ತಿದ್ದರು.

ಕನ್ನಡಕದ ಅಂಗಡಿಯವರಿಗೆ ಬೀದಿಯವರು ಇಟ್ಟ ಹೆಸರು ‘ಆಗ್ಲಿಬಿಡಿ’. ಯಾರು ಏನು ಕೇಳಿದರೂ ಅವರ ಬಾಯಿಂದ ಬರುವುದು ಅದೊಂದೇ ಮಾತು. ಎರಡು ದಿನ ನೋಡಿಕೊಳ್ಳಿ ಎಂದು ಪಕ್ಕದ ಮನೆಯವರು ಬಿಟ್ಟುಹೋದ ಬೆಕ್ಕು ಅವರ ಮನೆಯಲ್ಲೇ ಮುದಿಯಾಗಿತ್ತು. ಇವತ್ತಿನ ಟೀ ಜವಾಬ್ದಾರಿಯೂ ಹಾಗೆಯೇ ತಲೆಗೆ ಬಿದ್ದದ್ದು. ಹೆಂಡತಿಯ ಅಣ್ಣ, ನಿವೃತ್ತ ಹೆಡ್‌ಮಾಸ್ಟರು, ‘ಮ್ಯೂಸಿಯಂ ಉಳಿಸಿ’ ಸಮಿತಿಗೆ ತಾವೇ ಅಧ್ಯಕ್ಷರಾಗಿ, ತಾವೇ ಮೈಕು ಹಿಡಿದು, ಉಳಿದ ಕೆಲಸಗಳನ್ನೆಲ್ಲ ಭಾವನಿಗೆ ಬಿಟ್ಟಿದ್ದರು.

ಮ್ಯೂಸಿಯಂ ಎಂದರೆ ಏನೋ ಅಮೃತಶಿಲೆಯ ಕಟ್ಟಡವಲ್ಲ. ಹಿಂದೆ ಲಾರಿ ರಿಪೇರಿ ಮಾಡುತ್ತಿದ್ದ ಒಂದು ಶೆಡ್ಡು. ಅದರ ತುಂಬ ಬೀರುವಿನಷ್ಟು ಎತ್ತರದ ಹಳೆಯ ಗೇಮ್ ಮೆಷಿನ್ನುಗಳು. ಬಾಗಿಲು ಮುಚ್ಚಿದ ಆಟದಂಗಡಿಗಳಿಂದ, ಗುಜರಿಯಿಂದ, ಮಳೆಯಲ್ಲಿ ನೆನೆಯುತ್ತಿದ್ದ ಗೋದಾಮುಗಳಿಂದ ಅವನ್ನೆಲ್ಲ ಹೊತ್ತು ತಂದು, ಒಂದೊಂದು ಗುಂಡಿಯನ್ನೂ ಉಜ್ಜಿ, ಸುಟ್ಟ ತಂತಿ ಕಿತ್ತು ಹೊಸದು ಬೆಸೆದು ಜೀವ ಕೊಟ್ಟವರು ಬೀದಿಯವರೆಲ್ಲ ಅಜ್ಜಿ ಎಂದೇ ಕರೆಯುವ ಹಿರಿಯಾಕೆ ಮತ್ತು ಅವರ ಗಂಡ. ಯಜಮಾನರು ಹೋಗಿ ಬಹಳ ಕಾಲವಾಯಿತು. ಅಜ್ಜಿ ಒಬ್ಬರೇ ನಡೆಸಿಕೊಂಡು ಬಂದರು. ರಾತ್ರಿ ಪಾಳಿ ಮುಗಿಸಿದ ನರ್ಸುಗಳು, ಕೆಲಸ ಸಿಗದ ಹುಡುಗರು, ಮನೆಯಲ್ಲಿ ಮಾತಾಡುವವರಿಲ್ಲದ ಮುದುಕರು, ಎಲ್ಲರೂ ಅಲ್ಲಿಗೆ ಬಂದು ಪುಟ್ಟ ಮಗುವಿನ ಮುಖ ಮಾಡಿಕೊಂಡು ಹೊರಗೆ ಹೋಗುತ್ತಿದ್ದರು. ಅಂಥ ಜಾಗ ಒಂದು ಬೀದಿಗೆ ಸಿಗುವುದು ಪುಣ್ಯವೇ ಸರಿ.

ಈಗ ಕಟ್ಟಡದ ಮಾಲೀಕರು ಶೆಡ್ಡನ್ನು ಚಪ್ಪಲಿ ಅಂಗಡಿಗೆ ಕೊಡಲು ಹೊರಟಿದ್ದರು. ಒಂದು ವರ್ಷದ ಬಾಡಿಗೆ ಇವತ್ತು ಸಂಜೆಯೊಳಗೆ ಕೂಡಿದರೆ ಉಳಿಯಿತು, ಇಲ್ಲದಿದ್ದರೆ ಚಪ್ಪಲಿ. ಗೋಡೆಯ ಮೇಲೆ ಸಲೂನಿನವನು ಉದ್ದನೆಯ ಒಂದು ಖಾಲಿ ಪಟ್ಟಿ ಬರೆದಿದ್ದ. ಆಟದಲ್ಲಿ ಪ್ರಾಣ ಎಷ್ಟು ಉಳಿದಿದೆ ಎಂದು ತೋರಿಸುವಂಥದ್ದು. ಬಾಗಿಲಲ್ಲಿಟ್ಟ ಕಾಣಿಕೆ ಹುಂಡಿಗೆ ಹಣ ಬಿದ್ದ ಹಾಗೆಲ್ಲ, ಗಡ್ಡಕ್ಕೆ ನೊರೆ ಹಚ್ಚುವ ಬ್ರಷ್ಷಿನಲ್ಲೇ ಅದಕ್ಕೆ ಕೆಂಪು ಬಳಿಯುತ್ತಿದ್ದ. ಬೆಳಿಗ್ಗೆಯಿಂದ ಬಳಿದದ್ದು ಅವನ ಹೆಬ್ಬೆರಳಿನಷ್ಟು ಅಗಲ ಮಾತ್ರ.

“ರೀ, ಟೀಗೆ ನೀರಿಟ್ರಾ?” ಹೊರಗಿನಿಂದ ಹೆಂಡತಿಯ ಕೂಗು.

“ಇಟ್ಟೆ, ಇಟ್ಟೆ!” ಎಂದರು ಆಗ್ಲಿಬಿಡಿ, ಕೆಟಲ್ಲನ್ನು ಇನ್ನೂ ಕಂಕುಳಲ್ಲೇ ಇಟ್ಟುಕೊಂಡು.

ಮೂಲೆಯಲ್ಲಿ ಒಂದು ಕೆಟ್ಟುಹೋದ ಮೆಷಿನ್ನು, ಅದರ ಪಕ್ಕ ನೀಲಿ ಬಣ್ಣದ ದೋಣಿಯಾಟದ ಮೆಷಿನ್ನು. ಎರಡರ ವೈರುಗಳೂ ಹಿಂದೆ ಜಡೆ ಹೆಣೆದುಕೊಂಡಿದ್ದವು. ಮ್ಯೂಸಿಯಮ್ಮಿನಲ್ಲಿ ಅಜ್ಜಿ ಹಾಕಿದ್ದ ಕಟ್ಟಪ್ಪಣೆ ಒಂದೇ: ಯಾವ ಪ್ಲಗ್ ಬೇಕಾದರೂ ಕೀಳಿ, ನೀಲಿ ಮೆಷಿನ್ನಿನದು ಮಾತ್ರ ಮುಟ್ಟಬೇಡಿ. ಅದರ ಪರದೆಯ ನೆತ್ತಿಯಲ್ಲಿ ಯಜಮಾನರು ಆಡಿ ಗಳಿಸಿದ ಅಂಕ ಇತ್ತು. ಒಂಬತ್ತು ಲಕ್ಷ ಚಿಲ್ಲರೆ, ಪಕ್ಕದಲ್ಲಿ ಅವರ ಹೆಸರಿನ ಮೂರಕ್ಷರ. ಅದನ್ನು ಮೀರಿಸಿದವರು ಇದುವರೆಗೆ ಹುಟ್ಟಿಲ್ಲ. ಆ ಕಾಲದ ಮೆಷಿನ್ನುಗಳಿಗೆ ಕರೆಂಟು ಇರುವತನಕವೇ ನೆನಪು. ಹೋದರೆ ಎಲ್ಲ ಮರೆತು ಸೊನ್ನೆ. ಅದಕ್ಕೇ ಯಜಮಾನರು ತಮ್ಮ ಕೈಯಾರೆ ಒಂದು ಬ್ಯಾಟರಿ ಪೆಟ್ಟಿಗೆ ಮಾಡಿ ಇಟ್ಟಿದ್ದರು ಎಂಬುದು ಬೀದಿಗೆಲ್ಲ ಗೊತ್ತು. ದಿನಾ ಬೆಳಿಗ್ಗೆ ಅಜ್ಜಿ ಆ ಪರದೆಯನ್ನು ಸೆರಗಿನಿಂದ ಒರೆಸುವುದನ್ನೂ ಎಲ್ಲರೂ ನೋಡಿದ್ದರು.

ಆಗ್ಲಿಬಿಡಿ ಬಗ್ಗಿ, ಕೆಟ್ಟ ಮೆಷಿನ್ನಿನ ವೈರನ್ನೇ ಹಿಡಿದು, ಅದು ಹೋದಲ್ಲೆಲ್ಲ ಬೆರಳು ಆಡಿಸಿಕೊಂಡು ಹೋಗಿ, ತುದಿಯಲ್ಲಿ ಸಿಕ್ಕಿದ್ದನ್ನು ಎಳೆದರು.

ನೀಲಿ ಮೆಷಿನ್ನು ‘ಪುಸ್’ ಎಂದು ಕಣ್ಣು ಮುಚ್ಚಿತು.

ಎಳೆದಷ್ಟೇ ಬೇಗ ಅವರು ಪ್ಲಗ್ಗನ್ನು ಮತ್ತೆ ತುರುಕಿದರು. ಪರದೆ ಬೆಳಗಿತು, ಪುಟ್ಟ ದೋಣಿ ಬಂತು, ನದಿ ಬಂತು. ಯಜಮಾನರ ಅಂಕ ಇದ್ದ ಕಡೆ ಮಾತ್ರ ಸೊನ್ನೆಗಳು, ತಟ್ಟೆಯಲ್ಲಿಟ್ಟ ಮೊಟ್ಟೆಗಳ ಹಾಗೆ ಸಾಲಾಗಿ.

ಪುಣ್ಯಕ್ಕೆ ಅಜ್ಜಿ ಅಲ್ಲಿರಲಿಲ್ಲ. ಮಾಲೀಕರ ಮನೆಗೆ ಹೋಗಿ ಕೊನೆಯ ಬಾರಿ ಬೇಡಿಕೊಂಡು ಬರುತ್ತೇನೆ ಎಂದು ಹೊರಟಿದ್ದರು. ಆಗ್ಲಿಬಿಡಿ ತಮ್ಮನ್ನೇ ಶಪಿಸಿಕೊಂಡರು. ಆ ಮುದಿಜೀವ ಯಾವ ಮುಖ ನೋಡಿಕೊಂಡು ಬದುಕುತ್ತಿದೆಯೋ ಅದನ್ನೇ ಅಳಿಸಿಬಿಟ್ಟೆನಲ್ಲ! ಇನ್ನು ಮ್ಯೂಸಿಯಂ ಉಳಿದರೂ ಅವರಿಗೆ ಏನು ಉಳಿದ ಹಾಗಾಯಿತು? ಅವರಿಗೆ ಹೊಳೆದದ್ದು ಒಂದೇ ದಾರಿ. ಅಜ್ಜಿ ಬರುವುದರೊಳಗೆ ತಾವೇ ಆಡಿ ಒಂಬತ್ತು ಲಕ್ಷ ಚಿಲ್ಲರೆ ಗಳಿಸಿ, ಆ ಮೂರಕ್ಷರ ಒತ್ತಿಬಿಡುವುದು.

ಕೆಟಲ್ಲನ್ನು ನೆಲಕ್ಕಿಟ್ಟರು. ಸೊನ್ನೆಗಳು ಯಾರಿಗೂ ಕಾಣದಂತೆ ಪರದೆಯ ನೆತ್ತಿಗೆ ಕರವಸ್ತ್ರ ಇಳಿಬಿಟ್ಟರು. ಹಿಡಿಕೆ ಹಿಡಿದರು. ದೋಣಿ ಹೊರಟಿತು, ಮೊದಲನೇ ಬಂಡೆಗೆ ಢಿಕ್ಕಿ ಹೊಡೆಯಿತು, ಮುಳುಗಿತು. ಮೆಷಿನ್ನು ‘ಪೇಂಯ್’ ಎಂದು ಅತ್ತಿತು.

ಇನ್ನೊಮ್ಮೆ ಆಡಿದರು. ಪೇಂಯ್. ಮತ್ತೊಮ್ಮೆ. ಪೇಂಯ್. ಆ ಬಂಡೆ ನದಿಯ ಒಂದು ಮಗ್ಗುಲಲ್ಲಿ ತನ್ನ ಪಾಡಿಗೆ ತಾನಿತ್ತು. ಐದು ವರ್ಷದ ಮಕ್ಕಳೂ ಅದನ್ನು ದಾಟುತ್ತಿದ್ದರು. ಆಗ್ಲಿಬಿಡಿಯವರ ದೋಣಿ ಮಾತ್ರ ಹುಡುಕಿಕೊಂಡು ಹೋಗಿ ಅದಕ್ಕೇ ಹೊಡೆಯುತ್ತಿತ್ತು.

ಪೇಂಯ್ ಸದ್ದಿಗೆ ಸಲೂನಿನವನು ಬ್ರಷ್ಷು ಹಿಡಿದೇ ಬಂದ. “ಏನ್ ಸಾರ್, ನೀವೂ ಶುರು ಹಚ್ಕೊಂಡ್ರಾ? ಇದೇನು ಕರ್ಚೀಫು?”

“ಗ್ಲೇರ್ ಕಣಪ್ಪ. ಮೇಲಿನ ಬೆಳಕು ನೇರ ಕಣ್ಣಿಗೆ ಹೊಡೆಯುತ್ತೆ. ನರಕ್ಕೆ ಒಳ್ಳೇದಲ್ಲ.”

ಕನ್ನಡಕದವರ ಮಾತು, ಅವನು ನಂಬಿದ. “ಸಾರ್, ಬಲಕ್ಕೆ! ಬಲಕ್ಕೆ ತಿರುಗ್ಸಿ! ಅಯ್ಯೋ, ನಿಮ್ಮ ಬಲ ಅಲ್ಲ, ದೋಣಿ ಬಲ!”

ಪೇಂಯ್.

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ ಸದ್ದಿಗೆ ಇನ್ನು ನಾಲ್ಕು ಜನ ಬಂದರು, ಅವರ ನಗುವಿಗೆ ಇನ್ನಷ್ಟು ಜನ. ಬೇಕರಿಯಾಕೆ ಕಣ್ಣೊರೆಸಿಕೊಳ್ಳುತ್ತ, “ಇಷ್ಟು ನಕ್ಕು ಎಷ್ಟು ಕಾಲ ಆಗಿತ್ತೋ! ತಗೊಳ್ಳಿ, ಇನ್ನೊಂದು ಸಲ ಮುಳುಗಿಸಿ” ಎಂದು ಹುಂಡಿಗೆ ನೋಟು ಹಾಕಿದಳು. ಅಷ್ಟೇ ಸಾಕಾಯಿತು. ಹೆಡ್‌ಮಾಸ್ಟರು ಮೈಕಿನಲ್ಲಿ ಗುಡುಗಿದರು:

“ಬನ್ನಿ! ನೋಡಿ! ನಮ್ಮ ಭಾವನವರು ಸಂಜೆಯವರೆಗೂ ಎಡೆಬಿಡದೆ ಸೋಲಲಿದ್ದಾರೆ! ಪ್ರತಿ ಸೋಲಿಗೂ ನಿಮ್ಮ ಕೈಲಾದ ಕಾಣಿಕೆ ಹಾಕಿ!”

“ಭಾವ, ನಾನು ಗೆಲ್ಲೋಕೆ ಆಡ್ತಿದೀನಿ” ಎಂದರು ಆಗ್ಲಿಬಿಡಿ ದೈನ್ಯದಿಂದ.

ಅದು ಮೈಕಿನಲ್ಲಿ ಕೇಳಿಸಿ, ಬೀದಿಗೆ ಬೀದಿಯೇ ನಕ್ಕಿತು. ಹುಂಡಿ ಝಣಝಣ ಎಂದಿತು.

ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸ್ ಇಳಿದವರೂ ಒಳಗೆ ನುಗ್ಗಿದರು. ಒಮ್ಮೆ ಅಪ್ಪಿತಪ್ಪಿ ದೋಣಿ ಬಂಡೆ ದಾಟಿಬಿಟ್ಟಿತು. ಯಾರೋ ಹುಂಡಿಗೆ ಹಾಕಲು ಹೊರಟಿದ್ದ ನೋಟನ್ನು ವಾಪಸ್ ಜೇಬಿಗೆ ಇಳಿಸಿದರು. ಅಷ್ಟರಲ್ಲಿ ದೋಣಿ ಹಿಂದಕ್ಕೆ ತಿರುಗಿ ಅದೇ ಬಂಡೆಗೆ ಹಿಂಬದಿಯಿಂದ ಹೊಡೆಯಿತು. ಆ ಚಪ್ಪಾಳೆಗೆ ಸೂರಿನ ತಗಡು ಅದುರಿತು.

ನಗುವವರಿಗೇನು, ನಕ್ಕರು. ಆಗ್ಲಿಬಿಡಿಯವರ ಅಂಗೈಯಲ್ಲಿ ಬೊಬ್ಬೆ ಬಂದಿತ್ತು, ಕಣ್ಣಲ್ಲಿ ನೀರು ಮಡುಗಟ್ಟಿತ್ತು. ಒಂಬತ್ತು ಲಕ್ಷವಿರಲಿ, ಒಂಬತ್ತು ನೂರರ ಮುಖವನ್ನೂ ಅವರು ಕಂಡಿರಲಿಲ್ಲ. ಆದರೂ ಎದ್ದು ಹೋಗಲಿಲ್ಲ. ಅದನ್ನು ಮೆಚ್ಚಲೇಬೇಕು. ಜಗತ್ತಿನಲ್ಲಿ ತಪ್ಪು ಮಾಡಿ ಜಾಗ ಖಾಲಿ ಮಾಡುವವರೇ ಹೆಚ್ಚು. ಈ ಮನುಷ್ಯ ತಪ್ಪಿನ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ನಡುವೆ ಒಮ್ಮೆ ತಲೆಯೆತ್ತಿದಾಗ ಗುಂಪಿನ ಹಿಂದೆ ಅಜ್ಜಿ ನಿಂತಿದ್ದು ಕಾಣಿಸಿತು. ಅಜ್ಜಿ ಕರವಸ್ತ್ರವನ್ನೊಮ್ಮೆ ನೋಡಿದರು, ಹುಂಡಿಯನ್ನೊಮ್ಮೆ ನೋಡಿದರು. “ಆಡಪ್ಪ, ಆಡು” ಎಂದು ಹೇಳಿ ಸುಮ್ಮನೆ ಸ್ಟೂಲಿನ ಮೇಲೆ ಕೂತುಬಿಟ್ಟರು. ಅವರ ಬೆರಳುಗಳು ಮಾತ್ರ ಮೊಣಕಾಲಿನ ಮೇಲೆ ಪಟಪಟನೆ ಕುಣಿಯುತ್ತಿದ್ದವು. ಪಾಪ, ಚಿಂತೆಯಿರಬೇಕು ಅಂದುಕೊಂಡರು ಆಗ್ಲಿಬಿಡಿ.

ಸಂಜೆ ಕಟ್ಟಡದ ಮಾಲೀಕರೇ ಬೀಗದ ಕೈ ಕೇಳಲು ಬಂದರು. ಗಂಟುಮೋರೆ ಹಾಕಿಕೊಂಡು ಬಂದವರು ಎರಡು ಪೇಂಯ್ ನೋಡಿದರು, ಮೀಸೆಯಲ್ಲೇ ನಕ್ಕರು, ಮೂರನೆಯದಕ್ಕೆ ಕೆಮ್ಮು ಹತ್ತುವಷ್ಟು ನಕ್ಕು, ತಮ್ಮ ಜೇಬಿನಿಂದಲೇ ತೆಗೆದು ಹುಂಡಿಗೆ ಹಾಕಿದರು. ಸಲೂನಿನವನು ಪಟ್ಟಿಯ ಕೊನೆಯ ಚೂರಿಗೆ ಕೆಂಪು ಬಳಿದ. ಮ್ಯೂಸಿಯಂ ಉಳಿಯಿತು! ಕುಣಿದವರೆಷ್ಟು, ಅಪ್ಪಿಕೊಂಡವರೆಷ್ಟು, ತಾವೇ ಉಳಿಸಿದ್ದೆಂದು ಮೈಕಿನಲ್ಲಿ ಹೇಳಿದ ಹೆಡ್‌ಮಾಸ್ಟರೆಷ್ಟು! ಹಣ ಇದ್ದವರು ಕಡಿಮೆ ಇರುವ ಬೀದಿ ಅದು. ಇದ್ದುದರಲ್ಲೇ ಕಿತ್ತುಕೊಟ್ಟಿದ್ದರು. ಅಂಥವರು ಅಳುತ್ತ ನಗುತ್ತ ನಿಂತಿದ್ದನ್ನು ನೋಡಿದರೆ ಯಾರಿಗಾದರೂ ಕೈಮುಗಿಯಬೇಕು ಅನ್ನಿಸುತ್ತಿತ್ತು.

“ಎಲ್ಲರೂ ಸ್ವಲ್ಪ ಹೊರಗೆ ಹೋಗಿ ಫೋಟೋ ತೆಗೆಸ್ಕೊಳ್ರಪ್ಪ. ನಾನು ಕಸ ಗುಡಿಸ್ಬೇಕು” ಎಂದರು ಅಜ್ಜಿ. ಅದು ಅವರ ಹಳೆಯ ಚಾಳಿ. ಕರೆಂಟು ಹೋಗಿ ಬಂದಾಗಲೆಲ್ಲ ಅವರಿಗೆ ಕಸ ಗುಡಿಸುವ ನೆನಪಾಗುತ್ತಿತ್ತು. ಜನ ಹೋದರು. ಆಗ್ಲಿಬಿಡಿ ಮಾತ್ರ ಕುರ್ಚಿಗೆ ಅಂಟಿಕೊಂಡಿದ್ದರು. ಬಾಗಿಲು ಮುಚ್ಚಿದ್ದೇ ತಡ, ಎದ್ದು ಅಜ್ಜಿಯ ಕಾಲಿಗೆ ಬಿದ್ದರು.

“ಅಜ್ಜಿ, ನಾನು ಪಾಪಿ. ಕೆಟಲ್ ಹಾಕೋಕೆ ಹೋಗಿ ಪ್ಲಗ್ ಕಿತ್ತುಬಿಟ್ಟೆ. ಯಜಮಾನರ ಅಂಕ ಹೋಯ್ತು. ವಾಪಸ್ ತರೋಣ ಅಂತ ಬೆಳಿಗ್ಗೆಯಿಂದ…”

“ಗೊತ್ತು ಕಣಪ್ಪ. ಕರ್ಚೀಫು ನೋಡಿದ ತಕ್ಷಣ ಗೊತ್ತಾಯ್ತು. ದುಡ್ಡು ಬೀಳ್ತಿತ್ತು, ನಿನ್ನ ಯಾಕೆ ಎಬ್ಬಿಸ್ಲಿ ಅಂತ ಸುಮ್ನಿದ್ದೆ. ಏಳು, ಸ್ವಲ್ಪ ಜಾಗ ಬಿಡು.”

ಅಜ್ಜಿ ಕರವಸ್ತ್ರವನ್ನು ಪರದೆಯ ಮೇಲಿಂದ ಸರಿಸಿ, ಸೆರಗು ಸಿಕ್ಕಿಸಿಕೊಂಡು ಕೂತರು. ಹಿಡಿಕೆ ಹಿಡಿದರು. ಆಗ್ಲಿಬಿಡಿ ಬಾಯಿ ತೆರೆದವರು ಮುಚ್ಚಲಿಲ್ಲ. ದೋಣಿ ಮೊದಲನೇ ಬಂಡೆಯನ್ನು ಲೆಕ್ಕಕ್ಕೇ ಇಡದೆ ಸರಿದುಹೋಯಿತು. ಸುಳಿ, ಜಲಪಾತ, ಮೊಸಳೆ, ಯಾವುದೂ ಅಜ್ಜಿಯ ಬೆರಳಿಗೆ ಸಮವಲ್ಲ. ಆ ಸುಕ್ಕುಗಟ್ಟಿದ ಕೈಗಳು ಗುಂಡಿಗಳ ಮೇಲೆ ಓಡುತ್ತಿದ್ದರೆ, ಕಣ್ಣು ಅರ್ಧ ಮುಚ್ಚಿ ಎಲ್ಲೋ ಬೇರೆ ಕಡೆ ಇದ್ದ ಹಾಗಿತ್ತು ಅವರ ಮುಖ.

“ಅಜ್ಜಿ… ಆ ಬ್ಯಾಟರಿ ಪೆಟ್ಟಿಗೆ?”

“ಅದಾ? ಅವರು ಹೋದ ವರ್ಷಾನೇ ಅದೂ ಹೋಯ್ತು. ಕರೆಂಟು ಹೋದಾಗೆಲ್ಲ ಅಂಕಾನೂ ಹೋಗುತ್ತೆ. ಬಾಗಿಲು ಹಾಕ್ಕೊಂಡು ನಾನೇ ಮತ್ತೆ ಇಡ್ತೀನಿ.”

ಹಿಡಿದ ಒಂದೊಂದು ಮೀನಿಗೂ ಅಂಕ ಏರಿತು. ಒಂಬತ್ತು ಲಕ್ಷ ದಾಟಿತು. ಅಜ್ಜಿಯ ದೋಣಿ ಇನ್ನೊಂದು ಮೀನು ಹಿಡಿಯಿತು, ಕೊನೆಯದಾಗಿ ಒಂದು ಸಣ್ಣ ಮೀನು ಹಿಡಿಯಿತು. ಅಷ್ಟಕ್ಕೆ ಅಜ್ಜಿ ಹಿಡಿಕೆಯಿಂದ ಎರಡೂ ಕೈ ತೆಗೆದು ಮಡಿಲಲ್ಲಿಟ್ಟುಕೊಂಡರು. ದೋಣಿ ತನ್ನಷ್ಟಕ್ಕೆ ತೇಲಿ ಹೋಗಿ ಬಂಡೆಗೆ ತಾಗಿತು. ಪೇಂಯ್.

“ಅಯ್ಯೋ! ಇನ್ನೂ ಆಡಬಹುದಿತ್ತಲ್ಲ ಅಜ್ಜಿ! ಹತ್ತು ಲಕ್ಷ ಆಗ್ತಿತ್ತು!”

“ಆಗ್ತಿತ್ತು. ಆದ್ರೆ ಒಂದೇ ಒಂದು ಮೀನು ಜಾಸ್ತಿ ಹಿಡಿದ್ರೂ ಅವರು ಸೋತ ಹಾಗಾಗುತ್ತಲ್ಲಪ್ಪ” ಎಂದರು ಅಜ್ಜಿ, ಮೂರಕ್ಷರ ಒತ್ತುತ್ತ. ಪರದೆಯ ಮೇಲೆ ಕೊನೆಯ ಅಂಕಿಯವರೆಗೂ ಯಜಮಾನರದೇ ಲೆಕ್ಕ. ಅಜ್ಜಿ ಅದನ್ನು ಸೆರಗಿನಿಂದ ಒರೆಸಿದರು.

ಆಗ್ಲಿಬಿಡಿಯವರಿಗೆ ಅಳು ಉಕ್ಕಿ ಬಂತು. ಇಂಥ ಆಟಗಾರ್ತಿ ಬೀದಿಯಲ್ಲೇ ಇದ್ದರೂ ಯಾರಿಗೂ ಗೊತ್ತಿಲ್ಲವಲ್ಲ!

“ಯಾರಿಗೂ ಹೇಳ್ಬೇಡ” ಎಂದರು ಅಜ್ಜಿ. “ನಿನ್ನ ಹೆಂಡ್ತಿಗೂ.”

“ಆಗ್ಲಿ ಬಿಡಿ” ಎಂದು ಕಣ್ಣೊರೆಸಿಕೊಂಡು ಅವರು ಕರವಸ್ತ್ರ ತೆಗೆದು ಜೇಬಿಗಿಟ್ಟರು.

ಬಾಗಿಲು ತೆರೆದದ್ದೇ ಜನ ಒಳಗೆ ನುಗ್ಗಿತು. ಸಲೂನಿನವನು ಪರದೆ ತೋರಿಸಿ, “ನೋಡಿ, ಯಜಮಾನರ ಅಂಕ ಹೇಗೆ ಕೂತಿದೆ ಕಲ್ಲಿನ ಹಾಗೆ! ಇಡೀ ದಿನ ಒದ್ದಾಡಿದ್ರೂ ನಮ್ ಸಾರ್‌ಗೆ ಅದರ ಉಗುರು ಮುಟ್ಟೋಕೂ ಆಗ್ಲಿಲ್ಲ” ಎಂದ. ಎಲ್ಲರೂ ನಕ್ಕರು. ಆಗ್ಲಿಬಿಡಿ ಜೇಬಿನ ಕರವಸ್ತ್ರವನ್ನು ಇನ್ನಷ್ಟು ಒಳಕ್ಕೆ ತುರುಕಿಕೊಂಡರು.

ಹೆಡ್‌ಮಾಸ್ಟರು ಮೈಕು ಎತ್ತಿದರು. “ಈ ವರ್ಷದ್ದು ಆಯ್ತು. ಮುಂದಿನ ವರ್ಷದ ಬಾಡಿಗೆಗೆ ಈಗಿಂದಲೇ ಕೂಡಿಸಬೇಕು. ಆದ್ದರಿಂದ ಸಮಿತಿಯ ತೀರ್ಮಾನ: ಪ್ರತಿ ಭಾನುವಾರ, ಬೆಳಿಗ್ಗೆಯಿಂದ ಸಂಜೆವರೆಗೆ, ನಮ್ಮ ಭಾವನವರ ದೋಣಿಯಾಟ!”

ಪ್ರತಿ ಭಾನುವಾರ! ಜೀವಮಾನದಲ್ಲಿ ಮೊದಲ ಸಲ ‘ಇಲ್ಲ’ ಎನ್ನಬೇಕೆಂದು ಆಗ್ಲಿಬಿಡಿ ಬಾಯಿ ತೆರೆದರು. ಅಷ್ಟರಲ್ಲಿ ಅಜ್ಜಿಯ ಬೆರಳುಗಳು ಕಣ್ಣಿಗೆ ಬಿದ್ದವು. ಬಾಯಿ ಮುಚ್ಚಿದರು. ಮೆಲ್ಲಗೆ ಅಜ್ಜಿಯ ಹತ್ತಿರ ಸರಿದು ಕಿವಿಯಲ್ಲಿ ಕೇಳಿದರು:

“ಹಾಗಾದ್ರೆ ನನಗೂ ಒಂಚೂರು ಆಡೋದು ಹೇಳ್ಕೊಡ್ತೀರಾ ಅಜ್ಜಿ? ಬರೀ ಆ ಮೊದಲನೇ ಬಂಡೆ ದಾಟೋದು?”

ಅಜ್ಜಿ ಗಾಬರಿಯಿಂದ ಅವರ ಕೈ ಹಿಡಿದುಕೊಂಡರು.

“ಬೇಡಪ್ಪ, ನಿನ್ನ ದಮ್ಮಯ್ಯ! ನೀನು ಕಲಿತುಬಿಟ್ರೆ ನಾವು ಮುಚ್ಚಬೇಕಾಗುತ್ತೆ.”

“ಆಗ್ಲಿ ಬಿಡಿ” ಎಂದರು ಅವರು. ಅಷ್ಟರಲ್ಲಿ ಹೊರಗಿನಿಂದ ಹೆಂಡತಿ ಕೂಗಿದಳು:

“ರೀ, ಬೆಳಿಗ್ಗೆ ಇಟ್ಟ ನೀರು ಇನ್ನೂ ಕುದೀಲಿಲ್ವಾ?”